ಕಮಾಡೊದಲ್ಲಿ ಮೊದಲ ಹೊಗೆಯಡುಗೆ: ಗಾಳಿ ಹಿಡಿಯುವ ಬಗೆ

ಕಮಾಡೊ ಎಂಬ ಮುಚ್ಚಳವಿರುವ ಸೆರಾಮಿಕ್ ಇದ್ದಿಲು ಒಲೆ ಕೊಂಡವರು ಮೊದಲ ದಿನ ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ. ಇದ್ದಿಲು ಹೊತ್ತಿಸಿ, ಮೇಲಿನ ಕಿಂಡಿ ಕೆಳಗಿನ ಕಿಂಡಿ ಎರಡನ್ನೂ ಪೂರ್ತಿ ತೆರೆದಿಟ್ಟು, ಮಾಂಸಕ್ಕೆ ಮಸಾಲೆ ಹಚ್ಚಲು ಒಳಗೆ ಹೋಗುತ್ತಾರೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಮುಚ್ಚಳದ ಮೀಟರಿನ ಮುಳ್ಳು 250 ಡಿಗ್ರಿ ದಾಟಿರುತ್ತದೆ. ಬೇಕಾಗಿದ್ದದ್ದು 115. ಕಿಂಡಿ ಮುಚ್ಚಿದರೂ ಗಂಟೆಗಟ್ಟಲೆ ಇಳಿಯುವುದಿಲ್ಲ, ಏಕೆಂದರೆ ದಪ್ಪ ಸೆರಾಮಿಕ್ ಗೋಡೆ ಒಮ್ಮೆ ಕುಡಿದ ಶಾಖವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಈ ಒಲೆಯಲ್ಲಿ ಕಲಿಯಬೇಕಾದ್ದೆಲ್ಲ ಶಾಖ ಏರುವ ಆ ಅರ್ಧ ಗಂಟೆಯಲ್ಲೇ ಇದೆ. (ಇಲ್ಲಿ ಹೇಳುವ ಡಿಗ್ರಿಗಳೆಲ್ಲ ಸೆಲ್ಸಿಯಸ್. ನಿಮ್ಮ ಮುಚ್ಚಳದ ಮೀಟರು ಫ್ಯಾರನ್‌ಹೀಟಿನಲ್ಲಿದ್ದರೆ 225ರಿಂದ 250 ಎಂದರೆ ಸುಮಾರು 107ರಿಂದ 121.)

ಕಮಾಡೊ ಎಂದರೆ ಜಪಾನಿಯರ ಅಡುಗೆ ಒಲೆ. ಅನ್ನ ಬೇಯಿಸುವ ದುಂಡನೆಯ ಮಣ್ಣಿನ ಮುಶಿಕಮಾಡೊವನ್ನು ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನಿಕರು ಊರಿಗೆ ಒಯ್ದರು. 1974ರಲ್ಲಿ ಅಟ್ಲಾಂಟಾದಲ್ಲಿ ಶುರುವಾದ ಬಿಗ್ ಗ್ರೀನ್ ಎಗ್ ಕಂಪನಿ ಆ ಬಿರುಕು ಬಿಡುವ ಮಣ್ಣಿನ ಬದಲು ಗಟ್ಟಿ ಸೆರಾಮಿಕ್ ತಂದಿತು. ಇಂದು ಸಿಗುವ ಕಮಾಡೊಗಳೆಲ್ಲ ಹೆಚ್ಚುಕಡಿಮೆ ಅದೇ ಮೊಟ್ಟೆಯ ಆಕಾರದವು.

ಒಳಗೇನಿದೆ

ತಳದಲ್ಲಿ ಜಾರುವ ಬಾಗಿಲಿನ ಗಾಳಿಕಿಂಡಿ. ಅದರ ಮೇಲೆ ತೂತುಗಳಿರುವ ಬೆಂಕಿಗೂಡು, ಅದರ ತಳಕ್ಕೆ ಇದ್ದಿಲು ನಿಲ್ಲುವ ಸಣ್ಣ ಜಾಲರಿ. ಗೂಡಿನ ಮೇಲೊಂದು ಬಳೆ, ಅದರ ಮೇಲೆ ಆಹಾರ ಇಡುವ ಜಾಲರಿ. ಮುಚ್ಚಳದ ನೆತ್ತಿಯಲ್ಲಿ ಎರಡನೇ ಕಿಂಡಿ. ಮುಚ್ಚಳ ಕೂರುವ ಅಂಚಿಗೆ ಗಾಳಿ ಸೋರದಂತೆ ಅಂಟಿಸಿದ ಫೆಲ್ಟಿನ ಪಟ್ಟಿ, ಅದೇ ಗ್ಯಾಸ್ಕೆಟ್. ಹೊಸ ಒಲೆಯಾದರೆ ಮೊದಲ ಮೂರು ನಾಲ್ಕು ಅಡುಗೆ 180 ಡಿಗ್ರಿಯ ಒಳಗೇ ಇರಲಿ. ಗ್ಯಾಸ್ಕೆಟ್ಟಿನ ಅಂಟು ಕೂರುವ ಮೊದಲೇ 300ಕ್ಕೆ ಏರಿಸಿ ಪಿಜ್ಜಾ ಮಾಡಹೊರಟರೆ ಅದು ಕಿತ್ತುಬರುತ್ತದೆ.

ಇನ್ನೊಂದು ಮುಖ್ಯ ವಸ್ತು ಶಾಖ ತಡೆಯುವ ಸೆರಾಮಿಕ್ ಫಲಕ. ಇದು ಕೆಂಡಕ್ಕೂ ಆಹಾರಕ್ಕೂ ನಡುವೆ ಕೂರುತ್ತದೆ. ಇಟ್ಟರೆ ಓವನ್, ತೆಗೆದರೆ ನೇರ ಕೆಂಡ. ಹೊಗೆಯಡುಗೆಗೆ ಇದು ಇರಲೇಬೇಕು. ತೊಟ್ಟಿಕ್ಕುವ ಜಿಡ್ಡು ಹಿಡಿಯುವ ತಟ್ಟೆಯನ್ನು ಫಲಕದ ಮೇಲೆ ನೇರ ಇಡಬೇಡಿ. ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ಅಡಿಗಿಟ್ಟು ಒಂದೆರಡು ಸೆಂಟಿಮೀಟರ್ ಎತ್ತರಿಸಿ. ಇಲ್ಲದಿದ್ದರೆ ಬಿದ್ದ ಕೊಬ್ಬು ಹೊತ್ತಿ ಕರಕಲು ವಾಸನೆ ಮಾಂಸಕ್ಕೆ ಹತ್ತುತ್ತದೆ. ಆ ತಟ್ಟೆಗೆ ನೀರು ತುಂಬಿಸುವ ಅಗತ್ಯವಿಲ್ಲ: ಕಮಾಡೊದಲ್ಲಿ ಗಾಳಿಯ ಓಡಾಟ ತೀರ ಕಡಿಮೆ, ಮಾಂಸ ತಾನಾಗಿ ಒಣಗುವುದಿಲ್ಲ.

ಮುಚ್ಚಳದ ಮೀಟರನ್ನು ಕಿತ್ತು ಅದರ ಕಡ್ಡಿಯನ್ನು ಕುದಿಯುವ ನೀರಿಗೆ ಅದ್ದಿ ಪರೀಕ್ಷಿಸಿ. ಮಂಗಳೂರಿನಲ್ಲಿ 100 ತೋರಿಸಬೇಕು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು 97ಕ್ಕೇ ಕುದಿಯುತ್ತದೆ. ಅದನ್ನು ಮೀಟರಿನ ತಪ್ಪೆಂದು ತಿದ್ದಲು ಹೋಗಬೇಡಿ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಬೇರೆಯೇ ಬೇಕು. ಅದಿಲ್ಲದೆ ಶುರುಮಾಡುವುದು ದಂಡ.

ಇದ್ದಿಲು

ಮರದ ತುಂಡು ಇದ್ದಿಲೇ ಆಗಬೇಕು. ಅಚ್ಚೊತ್ತಿದ ಬ್ರಿಕೆಟ್ ಬೂದಿ ಜಾಸ್ತಿ ಬಿಡುತ್ತದೆ, ಬೂದಿ ತಳದ ಜಾಲರಿಯ ತೂತು ಮುಚ್ಚುತ್ತದೆ, ಗಾಳಿ ನಿಂತು ನಡುರಾತ್ರಿ ಬೆಂಕಿ ಆರುತ್ತದೆ. ಇಸ್ತ್ರಿ ಅಂಗಡಿಗೆ ಹೋಗುವ ಮೂಟೆ ಇದ್ದಿಲು ಅಗ್ಗವೇನೋ ಹೌದು, ಆದರೆ ಅದರಲ್ಲಿ ಪುಡಿ ಹೆಚ್ಚು, ಅರೆಬೆಂದ ಕಟ್ಟಿಗೆಯೂ ಬೆರೆತಿರುತ್ತದೆ. ಜರಡಿ ಹಿಡಿದು ಪುಡಿ ಉದುರಿಸಿ, ಕಂದು ಬಣ್ಣದ ತುಂಡುಗಳನ್ನು ಆರಿಸಿ ಬಿಸಾಡಿ. ಒಂದಕ್ಕೊಂದು ತಾಗಿಸಿದರೆ ಗಾಜಿನಂತೆ ಟಿಣ್ ಎನ್ನುವುದು ಚೆನ್ನಾಗಿ ಸುಟ್ಟ ಇದ್ದಿಲು. ಬಳ್ಳಾರಿ ಜಾಲಿಯ ಇದ್ದಿಲು ಸಿಕ್ಕರೆ ಬಿಡಬೇಡಿ. ಅಮೆರಿಕದವರು ಮೆಸ್ಕೀಟ್ ಎಂದು ಕರೆಯುವ ಮರಗಳ ಹತ್ತಿರದ ಬಂಧು ಅದು. ಕಾವು ಜೋರು, ಆದರೆ ಹೊತ್ತುವಾಗ ಕಿಡಿ ಸಿಡಿಸುವುದೂ ಜೋರು, ಮುಖ ದೂರವಿರಲಿ.

ಸೀಮೆಎಣ್ಣೆ, ಪೆಟ್ರೋಲು, ಲೈಟರ್ ದ್ರವ ಯಾವುದೂ ಒಳಗೆ ಬೀಳಬಾರದು. ಸೆರಾಮಿಕ್ ಅದನ್ನು ಹೀರಿಕೊಂಡು ಎಷ್ಟೋ ಅಡುಗೆಗಳವರೆಗೆ ವಾಸನೆ ಕಾರುತ್ತದೆ. ಅಡುಗೆ ಎಣ್ಣೆಯಲ್ಲಿ ಅದ್ದಿದ ಟಿಶ್ಯೂ ಕಾಗದದ ಉಂಡೆ ಸಾಕು, ಹತ್ತು ನಿಮಿಷ ಉರಿಯುತ್ತದೆ.

ಹೊತ್ತಿಸಿ ಶಾಖ ಹಿಡಿಯುವುದು

ದೊಡ್ಡ ತುಂಡುಗಳನ್ನು ತಳಕ್ಕೆ, ಸಣ್ಣವನ್ನು ಮೇಲಕ್ಕೆ ಇಟ್ಟು ಗೂಡು ತುಂಬಿಸಿ. ಕೋಳಿ ಬೇಯಿಸಲೂ ಗೂಡು ತುಂಬ ಇದ್ದಿಲು ಹಾಕಬಹುದು, ಎಷ್ಟು ಉರಿಯಬೇಕೆಂದು ತೀರ್ಮಾನಿಸುವುದು ಗಾಳಿ. ಉಳಿದದ್ದು ಮುಂದಿನ ಸಲಕ್ಕೆ. 46 ಸೆಂಟಿಮೀಟರ್ ಜಾಲರಿಯ ಒಲೆಯಲ್ಲಿ ಸುಮಾರು 4 ಕಿಲೋ ಇದ್ದಿಲು 110 ಡಿಗ್ರಿಯಲ್ಲಿ 12 ಗಂಟೆ ಸಲೀಸಾಗಿ ಬರುತ್ತದೆ.

ನಿಧಾನದ ಅಡುಗೆಗೆ ನಡುವೆ ಒಂದೇ ಕಡೆ ಹೊತ್ತಿಸಿ. ಮೂರು ಕಡೆ ಹೊತ್ತಿಸುವುದು ಸ್ಟೇಕ್ ಅಥವಾ ಪಿಜ್ಜಾಗೆ. ಮುಚ್ಚಳ ತೆರೆದೇ ಹತ್ತು ನಿಮಿಷ ಬಿಡಿ. ಲಿಂಬೆಹಣ್ಣಿನ ಗಾತ್ರದ ಮೂರು ನಾಲ್ಕು ತುಂಡು ಕೆಂಪಾದ ಮೇಲೆ ಫಲಕ, ತಟ್ಟೆ, ಜಾಲರಿ ಇಟ್ಟು ಮುಚ್ಚಿ. ಮುಳ್ಳು 80 ಮುಟ್ಟುತ್ತಿದ್ದಂತೆ ಕೆಳಕಿಂಡಿಯನ್ನು ಎರಡು ಬೆರಳಗಲಕ್ಕೆ, ಮೇಲ್ಕಿಂಡಿಯನ್ನು ಕಾಲುಭಾಗಕ್ಕೆ ತನ್ನಿ. 95ಕ್ಕೆ ಬಂದಾಗ ಕೆಳಗೆ ಒಂದು ಸೆಂಟಿಮೀಟರ್, ಮೇಲೆ ಬರೀ ಒಂದು ಸೀಳು. ಇಷ್ಟಾದ ಮೇಲೆ 110ರಿಂದ 115ರ ನಡುವೆ ಅದು ತಾನೇ ಹೋಗಿ ನಿಲ್ಲುತ್ತದೆ. ಒಂದೊಂದು ಒಲೆ ಒಂದೊಂದು ರೀತಿ ಗಾಳಿ ಸೋರುತ್ತದೆ, ಹಾಗಾಗಿ ಈ ಅಳತೆ ಶುರುವಿಗೆ ಮಾತ್ರ. ನಿಮ್ಮ ಒಲೆಯ ಅಳತೆಯನ್ನು ಕಿಂಡಿಯ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಳ್ಳಿ. 180 ಬೇಕಾದಾಗ ಕೆಳಕಿಂಡಿ ಸುಮಾರು ನಾಲ್ಕು ಸೆಂಟಿಮೀಟರ್, ಮೇಲ್ಕಿಂಡಿ ಮೂರನೇ ಒಂದು ಭಾಗ. 300 ಬೇಕಾದಾಗ ಎರಡೂ ಪೂರ್ತಿ.

ಕಿಂಡಿಯನ್ನು ಒಮ್ಮೆ ಅಲುಗಿಸಿದರೆ ಹದಿನೈದು ಇಪ್ಪತ್ತು ನಿಮಿಷ ಮತ್ತೆ ಮುಟ್ಟಬೇಡಿ. ಐದು ಡಿಗ್ರಿ ಹೆಚ್ಚುಕಡಿಮೆಗೆಲ್ಲ ಕೈ ಹಾಕುವವರ ಒಲೆ ಇಡೀ ದಿನ ಏರಿಳಿಯುತ್ತಲೇ ಇರುತ್ತದೆ. ಶಾಖ ಮೀರಿ ಏರಿಬಿಟ್ಟರೆ? ಮುಚ್ಚಳ ತೆರೆದು ತಣಿಸೋಣ ಎನಿಸುತ್ತದೆ. ತೆರೆದರೆ ಕೆಂಡಕ್ಕೆ ಗಾಳಿ ಸಿಕ್ಕಿ ಇನ್ನೂ ಏರುತ್ತದೆ. ಎರಡೂ ಕಿಂಡಿಯನ್ನು ಕೂದಲೆಳೆಯಷ್ಟು ಉಳಿಸಿ ಮುಚ್ಚಿ, ಒಂದು ಗಂಟೆಯಾದರೂ ಕಾಯುವುದೇ ದಾರಿ.

ಬಿಸಿ ಒಲೆಯ ಮುಚ್ಚಳವನ್ನು ಯಾವತ್ತೂ ಒಂದೇ ಸಲಕ್ಕೆ ಎತ್ತಬೇಡಿ. ಗಾಳಿಯಿಲ್ಲದೆ ಉಸಿರುಕಟ್ಟಿದ ಕೆಂಡಕ್ಕೆ ಒಮ್ಮೆಲೇ ಗಾಳಿ ನುಗ್ಗಿದರೆ ಜ್ವಾಲೆ ಭುಗಿಲ್ಲೆಂದು ಮುಖಕ್ಕೆ ಬರುತ್ತದೆ. ಹುಬ್ಬು ಸುಟ್ಟುಕೊಂಡವರು ಬೇಕಾದಷ್ಟು ಜನ. ಮೂರು ಬೆರಳಷ್ಟು ಎತ್ತಿ ಐದು ಸೆಕೆಂಡ್ ನಿಲ್ಲಿಸಿ, ಮತ್ತೆ ಇಳಿಸಿ, ಆಮೇಲೆ ಪೂರ್ತಿ ತೆರೆಯಿರಿ.

ಹೊಗೆ

ಹೊತ್ತಿಸಿದ ಮೊದಲ ಅರ್ಧ ಗಂಟೆ ಬರುವ ದಟ್ಟ ಬಿಳಿ ಹೊಗೆ ಕಹಿ. ಹೊಗೆಗೆ ಮೂಗೊಡ್ಡಿ ನೋಡಿ: ಕಣ್ಣು ಉರಿದರೆ ಮಾಂಸ ಇಡುವ ಹೊತ್ತಲ್ಲ. ಹೊಗೆ ತೆಳುವಾಗಿ, ನೀಲಿ ಛಾಯೆಗೆ ತಿರುಗಿ, ಕಂಡೂ ಕಾಣದಂತಾದಾಗ ಇಡಿ. ಹೊಗೆ ಕಾಣಿಸುತ್ತಿಲ್ಲವೆಂದು ಮರ ತುರುಕುವವರ ಮಾಂಸಕ್ಕೆ ಮಸಿಯ ರುಚಿ ಬರುತ್ತದೆ.

ಮುಷ್ಟಿ ಗಾತ್ರದ ಮೂರು ನಾಲ್ಕು ಒಣ ಮರದ ತುಂಡು ಸಾಕು, ಇದ್ದಿಲಿನ ನಡುವೆ ಅಲ್ಲಲ್ಲಿ ಹೂತಿಟ್ಟರೆ ಬೆಂಕಿ ಹರಡಿದಂತೆ ಒಂದಾದ ಮೇಲೊಂದು ಹೊಗೆಯುತ್ತವೆ. ಹೊರದೇಶದಲ್ಲಿರುವವರಿಗೆ ಸೇಬು, ಚೆರ್ರಿ, ಓಕ್, ಹಿಕರಿ ಅಂಗಡಿಯಲ್ಲೇ ಸಿಗುತ್ತವೆ. ಇಲ್ಲಿ ಮಾವು, ಸೀಬೆ ಚೆನ್ನ. ಕಡಿದು ಆರು ತಿಂಗಳಾದರೂ ಒಣಗಿರಬೇಕು. ನೀಲಗಿರಿ, ಪೈನ್, ಪ್ಲೈವುಡ್, ಬಣ್ಣ ಬಳಿದ ಹಳೆ ಕಿಟಕಿ ಚೌಕಟ್ಟು ಬೇಡವೇ ಬೇಡ. ಮರವನ್ನು ನೀರಿನಲ್ಲಿ ನೆನೆಸುವುದೂ ವ್ಯರ್ಥ: ನೀರು ಆವಿಯಾಗುವವರೆಗೆ ಹೊಗೆಯೇ ಸರಿಯಾಗಿ ಹುಟ್ಟುವುದಿಲ್ಲ.

ಒಲೆಯ ಮೇಲಿನ ಅಟ್ಟದಲ್ಲಿ ದಿನಗಟ್ಟಲೆ ಹೊಗೆಗೆ ಮಾಂಸ ಒಣಗಿಸುವ ಕೊಡಗಿನ ಪದ್ಧತಿಗೂ ಇದಕ್ಕೂ ಗೊಂದಲ ಬೇಡ. ಅದು ಕೆಡದಂತೆ ಇಡುವ ಉಪಾಯ, ಇದು ಬೇಯಿಸುವುದು. ಕಮಾಡೊದಿಂದ ಇಳಿಸಿದ್ದು ಮಾಮೂಲಿ ಬೆಂದ ಮಾಂಸದಷ್ಟೇ ಬೇಗ ಕೆಡುತ್ತದೆ.

ಮೊದಲು ಕೋಳಿ

ಹಂದಿಗೆ ಕೈ ಹಾಕುವ ಮುನ್ನ ಎರಡು ಮೂರು ಕೋಳಿ ಮಾಡಿ. ನಮ್ಮ ಕೋಳಿ ಅಂಗಡಿಗಳಲ್ಲಿ ಕೇಳದಿದ್ದರೆ ಚರ್ಮ ಸುಲಿದೇ ಕೊಡುತ್ತಾರೆ. ‘ವಿತ್ ಸ್ಕಿನ್, ಇಡೀ ಕೋಳಿ’ ಎಂದು ಮೊದಲೇ ಹೇಳಿ. 1.3 ಕಿಲೋ ಕೋಳಿಯ ಬೆನ್ನುಮೂಳೆ ಕತ್ತರಿಸಿ ತೆಗೆದು, ಎದೆ ಒತ್ತಿ ಚಪ್ಪಟೆ ಮಾಡಿ. 18 ಗ್ರಾಂ ಉಪ್ಪು ಸವರಿ ಫ್ರಿಜ್ಜಿನಲ್ಲಿ ಮುಚ್ಚದೆ ರಾತ್ರಿಯಿಡೀ ಇಟ್ಟರೆ ಚರ್ಮ ಒಣಗಿ ಗರಿಯಾಗಲು ಸಿದ್ಧವಾಗುತ್ತದೆ. ಫಲಕ ಇಟ್ಟು 180 ಡಿಗ್ರಿ, ಮೂಳೆ ಕಡೆ ಕೆಳಗೆ, ತಿರುವಬೇಡಿ. 50ರಿಂದ 60 ನಿಮಿಷ. ಎದೆಯ ದಪ್ಪ ಭಾಗ 74, ತೊಡೆ 80 ದಾಟಬೇಕು. ಹೊಗೆ ತಗುಲಿದ ಮಾಂಸ ಬೆಂದ ಮೇಲೂ ಮೇಲ್ಪದರದಲ್ಲಿ ಗುಲಾಬಿಯಾಗಿಯೇ ಕಾಣಬಹುದು, ಬಣ್ಣಕ್ಕಿಂತ ಥರ್ಮಾಮೀಟರನ್ನು ನಂಬಿ. 110 ಡಿಗ್ರಿಯಲ್ಲಿ ಕೋಳಿ ಮಾಡಿದರೆ ಚರ್ಮ ರಬ್ಬರು.

ಆಮೇಲೆ ಹಂದಿಯ ಭುಜ

ಮೂಳೆ ಸಮೇತ 3 ಕಿಲೋ ತುಂಡು, 40 ಗ್ರಾಂ ಉಪ್ಪು ಹಿಂದಿನ ರಾತ್ರಿಯೇ. ಬೆಳಿಗ್ಗೆ ಒರಟಾಗಿ ಕುಟ್ಟಿದ ಕಾಳುಮೆಣಸು, ಬೇಕಿದ್ದರೆ ಎರಡು ಚಮಚ ಬೆಲ್ಲದ ಪುಡಿ. ಇಷ್ಟು ಕಡಿಮೆ ಶಾಖದಲ್ಲಿ ಬೆಲ್ಲ ಸೀಯುವುದಿಲ್ಲ. 115 ಡಿಗ್ರಿಯಲ್ಲಿ ಒಂಬತ್ತರಿಂದ ಹನ್ನೆರಡು ಗಂಟೆ ಹಿಡಿಯುತ್ತದೆ, ರಾತ್ರಿ ಊಟಕ್ಕೆ ಬೇಕಾದರೆ ಬೆಳಗ್ಗೆ ಆರಕ್ಕೇ ಇಡಬೇಕು.

ಮಾಂಸದ ಒಳಶಾಖ 65ರಿಂದ 72ರ ನಡುವೆ ಎಲ್ಲೋ ಗಂಟೆಗಟ್ಟಲೆ ನಿಂತುಬಿಡುತ್ತದೆ. ಬೆಂಕಿ ಆರಿಲ್ಲ. ಮೇಲ್ಮೈಯಿಂದ ಆವಿಯಾಗುವ ನೀರು ಒಲೆ ಕೊಟ್ಟಷ್ಟೇ ಶಾಖವನ್ನು ಕಿತ್ತುಕೊಳ್ಳುತ್ತಿರುತ್ತದೆ, ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಲೆಕ್ಕವೇ. ಗಾಬರಿಯಿಂದ ಕಿಂಡಿ ತೆರೆಯಬೇಡಿ. ಹೊರಪದರ ಗಾಢ ಕಂದಾಗಿ ಉಗುರಿಗೆ ಗಟ್ಟಿ ಸಿಕ್ಕುತ್ತಿದ್ದರೆ ಅಲ್ಯೂಮಿನಿಯಂ ಹಾಳೆಯ ಎರಡು ಪದರದಲ್ಲಿ ಬಿಗಿಯಾಗಿ ಸುತ್ತಿ ಮತ್ತೆ ಇಡಿ, ಆವಿ ನಿಂತು ಶಾಖ ಏರುತ್ತದೆ. 95ರ ಸುಮಾರಿಗೆ ಚುಚ್ಚಿ ನೋಡಿ, ಬೆಂದ ಗೆಣಸಿಗೆ ಇಳಿದಂತೆ ಕಡ್ಡಿ ಇಳಿಯಬೇಕು. ತಡೆದರೆ ಇನ್ನರ್ಧ ಗಂಟೆ. ಇಳಿಸಿ, ಸುತ್ತಿದಂತೆಯೇ ಟವೆಲ್ಲಿನಲ್ಲಿ ಮಡಚಿ ಖಾಲಿ ಐಸ್ ಪೆಟ್ಟಿಗೆಯಲ್ಲಿ ಒಂದು ಗಂಟೆ ಬಿಟ್ಟು ಬಿಡಿಸಿ. ಬಿಡಿಸಿದ ಎಳೆಗಳಿಗೆ ಒಂದು ಚಮಚ ಕಾಚಂಪುಳಿ (ಕೊಡಗಿನ ಗಾಢ ಹುಳಿರಸ) ಕಲಸಿದರೆ ಬಾಟಲಿ ಬಾರ್ಬೆಕ್ಯೂ ಸಾಸಿನ ಹಂಗೇ ಇರುವುದಿಲ್ಲ.

ನಡುವೆ ಶಾಖ ನಿಜಕ್ಕೂ ಬೀಳುತ್ತಿದ್ದರೆ ಕೆಳಕಿಂಡಿಯಿಂದ ತುದಿ ಬಾಗಿದ ಗಟ್ಟಿ ತಂತಿ ತೂರಿಸಿ ಜಾಲರಿಯ ತೂತುಗಳನ್ನು ಕೆದಕಿ. ಹತ್ತರಲ್ಲಿ ಎಂಟು ಸಲ ಬೂದಿಯದೇ ಕಾಟ. ಮಳೆಗಾಲದಲ್ಲಾದರೆ ತೇವ ಹಿಡಿದ ಇದ್ದಿಲು.

ಆರಿಸುವುದು

ಎರಡೂ ಕಿಂಡಿ ಬಿಗಿಯಾಗಿ ಮುಚ್ಚಿ, ನೀರು ಹಾಕಬೇಡಿ, ಸೆರಾಮಿಕ್ ಸೀಳುತ್ತದೆ. ಕೆಂಡ ಆರುವ ಮುಂಚಿನ ಬಿಸಿ ವ್ಯರ್ಥವೆನಿಸಿದರೆ ಮುಚ್ಚುವ ಮೊದಲು ಫಲಕ ತೆಗೆದು ಎರಡು ದಪ್ಪ ಬದನೆಕಾಯಿ ಸುಟ್ಟುಕೊಳ್ಳಿ, ಮರುದಿನದ ಗೊಜ್ಜಿಗಾಗುತ್ತದೆ. ಒಲೆ ಇಡೀ ರಾತ್ರಿ ಬಿಸಿಯಿರುತ್ತದೆ. ಮಕ್ಕಳಿರುವ ಮನೆಯಲ್ಲಿ ಎಚ್ಚರ. ಅಪಾರ್ಟ್‌ಮೆಂಟಿನ ಗಾಜು ಮುಚ್ಚಿದ ಬಾಲ್ಕನಿಯಲ್ಲಿ, ಗ್ಯಾರೇಜಿನಲ್ಲಿ ಈ ಒಲೆ ಹೊತ್ತಿಸಲೇಬಾರದು, ಇದ್ದಿಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ಒಳಗೋಡೆಗೆ ಸೋಪು ತಾಗಿಸಬೇಡಿ. ಮುಂದಿನ ಸಲ ಹಳೆ ಇದ್ದಿಲನ್ನು ಕದಡಿ ಬೂದಿ ಉದುರಿಸಿ, ಕೆಳಕಿಂಡಿಯಿಂದ ಎಳೆದುಹಾಕಿ, ಮೇಲೆ ಹೊಸದು ಸುರಿದರಾಯಿತು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಪೂರ್ತಿ ಮುಚ್ಚಿಟ್ಟರೆ ಒಳಗೆ ಬೂಷ್ಟು ಬೆಳೆಯುತ್ತದೆ. ಉಳಿದ ಇದ್ದಿಲು ಹೊರತೆಗೆದು ಬಿಸಾಡಿ, ಹೊಸದು ತುಂಬಿ, ಆಹಾರವೇನೂ ಇಡದೆ ಒಲೆಯನ್ನೇ 300 ಡಿಗ್ರಿಯಲ್ಲಿ ಅರ್ಧ ಗಂಟೆ ಉರಿಸಿ, ತಣಿದ ಮೇಲೆ ಜಾಲರಿಯನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ.