ಎರೆಮಣ್ಣಿನಲ್ಲಿ ಹಳೆಯ ನೂರು ಸಿಸಿ ಗಾಡಿ ಮತ್ತು ಹೊಸ ಅಡ್ವೆಂಚರ್ ಬೈಕು: ನನ್ನ ಅನುಭವ

ಕಳೆದ ಮುಂಗಾರಿನಲ್ಲಿ ನನ್ನ ಹೊಸ ಅಡ್ವೆಂಚರ್ ಬೈಕು ಜೇವರ್ಗಿ ಮತ್ತು ಶಹಾಪುರ ತಾಲ್ಲೂಕುಗಳ ಹೊಲದ ದಾರಿಗಳನ್ನು ಗಾಲಿಗೆ ಮಣ್ಣು ಕಟ್ಟಿಕೊಳ್ಳದೆ ದಾಟಿತು. ಮೂರು ಲಕ್ಷಕ್ಕೂ ಮೇಲೆ ಕೊಟ್ಟು ತಂದ ಗಾಡಿಯ ಮಡ್‌ಗಾರ್ಡ್ ಬಿಚ್ಚಿ, ಆ ಜಾಗಕ್ಕೆ ಹೊಲಕ್ಕೆ ನೀರು ಹಾಯಿಸುವ ಪಿವಿಸಿ ಪೈಪಿನ ತುಂಡು ಕಟ್ಟುವುದೆಂದರೆ ಗಾಡಿ ಹಾಳು ಮಾಡುವುದೇ ಸರಿ ಎಂದು ಹೇಳಿದವರು ಕಲಬುರಗಿಯಲ್ಲಿ ಸಾಕಷ್ಟು ಜನರಿದ್ದರು. ಅವರಲ್ಲಿ ಕೆಲವರು ಈಗ ಅಳತೆ ಕೇಳಿಕೊಂಡು ಬರುತ್ತಿರುವುದರಿಂದ, ಈ ಪ್ರಯೋಗ ಎಲ್ಲಿಂದ ಆರಂಭವಾಯಿತು, ಎಲ್ಲಿ ಕೆಟ್ಟಿತು, ಎಷ್ಟು ಹಣ ತಿಂದಿತು ಎಂಬುದನ್ನು ಒಂದೆಡೆ ಬರೆದಿಡುತ್ತಿದ್ದೇನೆ.

ನನ್ನ ಕೆಲಸ ಸೋಲಾರ್ ಪಂಪ್‌ಸೆಟ್ ದುರಸ್ತಿ. ತೊಗರಿ ಮತ್ತು ಹತ್ತಿಯ ಹೊಲಗಳ ನಡುವೆ, ಡಾಂಬರು ಮುಗಿದ ಮೇಲೆ ಮೂರು ನಾಲ್ಕು ಕಿಲೋಮೀಟರ್ ಒಳಗೆ ಹೋಗದೆ ಈ ಕೆಲಸ ನಡೆಯುವುದಿಲ್ಲ, ಮತ್ತು ಕೆಟ್ಟ ಪಂಪು ಮಳೆ ನಿಲ್ಲುವವರೆಗೆ ಕಾಯುವುದೂ ಇಲ್ಲ. ಬಹಳ ವರ್ಷ ಒಂದು ಹಳೆಯ ಹೀರೋ ಹೋಂಡಾ ಸ್ಪ್ಲೆಂಡರ್ ಮೇಲೆಯೇ ತಿರುಗಿದ್ದೇನೆ. ಅದನ್ನು ಕೈಬದಲಾದ ಮೇಲೆ ಹದಿನೆಂಟು ಸಾವಿರದ ಆಸುಪಾಸಿನಲ್ಲಿ ಕೊಂಡಿದ್ದೆ. ಎರಡು ವರ್ಷದ ಹಿಂದೆ, ಬೀದರ್ ಕಡೆಯ ಕೆಲಸ ಹೆಚ್ಚಾದಾಗ, ರೇಡಿಯೇಟರ್ ಇರುವ, 21 ಇಂಚಿನ ಮುಂದಿನ ಗಾಲಿಯ, ಇನ್ನೂರು ಕೆಜಿಗೆ ಹತ್ತಿರ ತೂಗುವ ಅಡ್ವೆಂಚರ್ ಬೈಕನ್ನು ತಂದೆ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿಯ ಹಿಮಾಲಯನ್ 411, 2019ರಲ್ಲಿ ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 ಬಂದಾಗಿನಿಂದ ಈ ಜಾತಿಯ ಗಾಡಿಗಳ ಮೇಲೆ ನನಗೆ ಕಣ್ಣಿತ್ತು. ಎಂಥ ದಾರಿಯಲ್ಲಾದರೂ ಹೋಗುವ ಗಾಡಿ ಎಂದು ಮಾರುವುದನ್ನು ಎರೆಭೂಮಿಯಲ್ಲಿ ಓಡಿಸಿ ನೋಡಬೇಕೆಂಬ ಆಸೆಯೂ ಇತ್ತು.

ಮೊದಲ ದೊಡ್ಡ ಮಳೆಯಲ್ಲೇ ಉತ್ತರ ಸಿಕ್ಕಿತು. ಹೊಲದ ದಾರಿಗೆ ಇಳಿದು ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಮುಂದಿನ ಗಾಲಿಗೂ ಅದನ್ನು ತಬ್ಬಿಕೊಂಡಿರುವ ಕೆಳ ಮಡ್‌ಗಾರ್ಡ್‌ಗೂ ನಡುವೆ ಮಣ್ಣು ತುಂಬಿ ಗಾಲಿ ತಿರುಗುವುದೇ ನಿಂತಿತು. ಹಿಂದಿನ ಗಾಲಿಯ 140 ಮಿಲಿಮೀಟರ್ ಅಗಲದ ಟೈರು ಎರಡು ಅಂಗುಲ ದಪ್ಪದ ಮಣ್ಣಿನ ಪದರ ಸುತ್ತಿಕೊಂಡು, ಗಾಲಿಯನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ಗೆ ಉಜ್ಜತೊಡಗಿತು. ಬ್ರೇಕ್ ಹಿಡಿದಾಗ ಗಾಲಿ ಬಿಗಿದು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ಸೆನ್ಸರ್ ಓದುವ ರಿಂಗಿನ ತೂತುಗಳು ಮುಚ್ಚಿ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿತು, ರೇಡಿಯೇಟರಿನ ಜಾಲರಿಗೆ ಕೆಸರು ಮೆತ್ತಿ ಫ್ಯಾನು ಒಂದೇ ಸಮನೆ ಓಡತೊಡಗಿತು. ನಲವತ್ತು ಅಶ್ವಶಕ್ತಿಯ ಎಂಜಿನ್ ಇದ್ದರೂ ತಿರುಗದ ಗಾಲಿಗೆ ಅದರಿಂದ ಏನೂ ಆಗುವುದಿಲ್ಲ. ಅದೇ ದಾರಿಯಲ್ಲಿ ಏಳೆಂಟು ಅಶ್ವಶಕ್ತಿಯ ನನ್ನ ಸ್ಪ್ಲೆಂಡರ್ ಆ ಹೊತ್ತಿಗಾಗಲೇ ನಾಲ್ಕಾರು ಮಳೆಗಾಲ ಓಡಾಡಿತ್ತು. ಆದರೆ ಅದೂ ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ಓಡಾಡಿದ್ದಲ್ಲ ಎಂಬುದನ್ನು ಮರೆಯಬಾರದು.

ಎರೆಮಣ್ಣಿನ ಗುಣವನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಪೂರ್ತಿ ನೀರು ನಿಂತಾಗ ಅದು ತೆಳ್ಳಗಾಗಿ ಜಾರುತ್ತದೆ, ಗಾಲಿಯನ್ನು ಕಟ್ಟುವುದಿಲ್ಲ. ಮಳೆ ನಿಂತು ಒಂದು ಒಪ್ಪೊತ್ತು ಕಳೆದ ಮೇಲೆ, ಅರ್ಧ ಆರಿದ ಹೊತ್ತಿನಲ್ಲಿಯೇ ಅದು ಅತಿ ಕೆಟ್ಟದು. ನನ್ನ ಎಲ್ಲ ಪರೀಕ್ಷೆಗಳನ್ನೂ ಆ ಹೊತ್ತಿನಲ್ಲೇ ಮಾಡಿದ್ದೇನೆ, ಏಕೆಂದರೆ ಜೋರು ಮಳೆಯಲ್ಲಿ ಓಡಿಸಿ ಗಾಡಿ ದಾಟಿತು ಎನ್ನುವವರ ಮಾತಿಗೆ ಬೆಲೆಯಿಲ್ಲ.

ಸ್ಪ್ಲೆಂಡರ್ ಮೇಲೆ ಮೊದಲು ಮಾಡಿದ ಪ್ರಯತ್ನ ಮುಂದಿನ ಮಡ್‌ಗಾರ್ಡನ್ನು ಬುಷ್ ಕೊಟ್ಟು ಎರಡು ಅಂಗುಲ ಎತ್ತುವುದು. ಲೇಥ್‌ನಲ್ಲಿ ಬುಷ್ ತಿರುಗಿಸಲು ಮುನ್ನೂರು ರೂಪಾಯಿಯಾಯಿತು. ಎರಡು ವಾರದಲ್ಲಿ ಕಲ್ಲುದಾರಿಯ ಅದುರಿಗೆ ಬೋಲ್ಟುಗಳು ಮುರಿದವು. ಆಮೇಲೆ ಮಡ್‌ಗಾರ್ಡನ್ನೇ ತೆಗೆದು ಓಡಿಸಿ ನೋಡಿದೆ. ಗಾಲಿ ಕಟ್ಟಲಿಲ್ಲ, ಆದರೆ ಹ್ಯಾಂಡಲ್ ಅಳ್ಳಾಡಿದಂತಾಯಿತು. ಈ ಗಾಡಿಗಳಲ್ಲಿ ಮಡ್‌ಗಾರ್ಡಿನ ಕಬ್ಬಿಣದ ಕಮಾನೇ ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕಿನ ಎರಡು ಕಾಲುಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುತ್ತದೆ. ಅದು ಹೋದರೆ ಎರಡು ಕಾಲುಗಳೂ ಬೇರೆ ಬೇರೆಯಾಗಿ ಆಡುತ್ತವೆ. ಹೀಗಾಗಿ ಐದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿಯಿಂದ ಟೈರಿನ ಮೇಲೆ ಮೂರು ಬೆರಳು ಎತ್ತರಕ್ಕೆ ಒಂದು ಕಮಾನು ಮಾಡಿಸಿ ಮಡ್‌ಗಾರ್ಡಿನ ಹಳೆಯ ತೂತುಗಳಿಗೇ ಬಿಗಿದೆ. ಪಟ್ಟಿ ಕಿರಿದಾಗಿರುವುದರಿಂದ ಅದರ ಕೆಳಗೆ ಮಣ್ಣು ನಿಲ್ಲುವುದಿಲ್ಲ, ಫೋರ್ಕೂ ಬಿಗಿಯಾಗಿಯೇ ಉಳಿಯುತ್ತದೆ. ಇಷ್ಟನ್ನು ಮಾಡದೆ ಬರಿಯ ಮಡ್‌ಗಾರ್ಡ್ ಎತ್ತುವವರಿಗೆ ಈ ಕೆಲಸಕ್ಕೆ ಕೈ ಹಾಕಬೇಡಿರೆಂದೇ ಹೇಳುತ್ತೇನೆ.

ಮೇಲಿನ ಮಡ್‌ಗಾರ್ಡಿಗೆ ಪೈಪು ಹೊಳೆದದ್ದು ಕೆಲಸದ ಜಾಗದಲ್ಲಿಯೇ. 110 ಮಿಲಿಮೀಟರ್ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಬೆಂಕಿಗೆ ದೂರದಿಂದ ಹಿಡಿದು ಮೆತ್ತಗೆ ಮಾಡಿ, ಗಾಲಿಯ ಬಾಗಿಗೆ ಒತ್ತಿ ತಣ್ಣಗಾಗಿಸಿದರೆ ಒಳ್ಳೆಯ ಮಡ್‌ಗಾರ್ಡ್ ಆಗುತ್ತದೆ. ಫೋರ್ಕಿನ ಕಾಲುಗಳನ್ನು ಹಿಡಿದಿರುವ ಕೆಳಗಿನ ಟಿ ಅಡಿಯಲ್ಲಿ ಅದನ್ನು ಕಟ್ಟಬೇಕು. ಹಾರ್ನ್ ಜಾಗ ಬದಲಿಸಬೇಕು. ಮುಂದಿನ ಬ್ರೇಕ್ ಹಿಡಿದು, ಇಬ್ಬರು ಹ್ಯಾಂಡಲ್ ಮೇಲೆ ಬಿದ್ದು ಫೋರ್ಕನ್ನು ಪೂರ್ತಿ ಒತ್ತಿ, ಟೈರು ಪೈಪಿಗೆ ತಾಗುವುದಿಲ್ಲ ಎಂದು ನೋಡಿಕೊಂಡ ಮೇಲೆಯೇ ರಸ್ತೆಗೆ ಇಳಿಸಬೇಕು. ವೆಲ್ಡಿಂಗ್ ಅಂಗಡಿಯ ಹುಡುಗ ಇದನ್ನು ನೋಡಿ, "ಇದು ಒಂದು ಮಳಿಗಿ ಸುದ್ದಾ ತಡಿಯಂಗಿಲ್ರಿ ಅಣ್ಣಾ" ಎಂದಿದ್ದ. ಆ ಪೈಪು ಇಂದಿಗೂ ಆ ಗಾಡಿಯಲ್ಲಿದೆ, ಮತ್ತು ಬಣ್ಣ ಬಳಿದ ತಗಡಿಗೆ ಮೆತ್ತುವಷ್ಟು ಎರೆಮಣ್ಣು ಪಿವಿಸಿಗೆ ಮೆತ್ತುವುದಿಲ್ಲ ಎಂಬುದು ಬಳಸಿದ ಮೇಲೆ ತಿಳಿದ ಹೆಚ್ಚಿನ ಲಾಭ. ಒಳಮೈಗೆ ನಾನು ಒಂದು ಲೇಪ ಹಚ್ಚುತ್ತೇನೆ. ಅದರಲ್ಲಿ ಹಳೆಯ ಎಂಜಿನ್ ಆಯಿಲ್ ಇದೆ ಎಂಬಷ್ಟನ್ನು ಹೇಳಬಲ್ಲೆ, ಉಳಿದ ಎರಡು ಪದಾರ್ಥಗಳನ್ನೂ ಪ್ರಮಾಣವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಟೈರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಪೇಟೆಯ ಅಭಿಪ್ರಾಯಕ್ಕೆ ವಿರುದ್ಧವಾಗಿದೆ. ದೊಡ್ಡ ಗಡ್ಡೆಗಳಿರುವ ಅಗಲ ಟೈರು ಹಾಕಿದರೆ ಹಿಡಿತ ಬರುತ್ತದೆ ಎಂದು ನಂಬಿ, ಹಿಂದಿನ ಗಾಲಿಗೆ 3.00 ಗಾತ್ರದ ಗಡ್ಡೆ ಟೈರು ಹಾಕಿ ಸುಮಾರು ಎರಡೂವರೆ ಸಾವಿರ ಕಳೆದೆ. ಎರೆಮಣ್ಣು ಗಡ್ಡೆಗಳ ಸಂದಿಯಲ್ಲಿ ತುಂಬಿ ನಿಮಿಷದಲ್ಲಿ ಟೈರು ನುಣ್ಣಗಾಗುತ್ತದೆ, ಅಗಲ ಹೆಚ್ಚಿದಷ್ಟೂ ಹೊತ್ತು ತರುವ ಮಣ್ಣೂ ಹೆಚ್ಚು. ಕಂಪನಿಯ 2.75-18 ಟೈರೇ, ಸಂದಿ ದೊಡ್ಡದಿರುವ ಮಾದರಿಯದಾದರೆ, ಮೇಲಿನ ಹಸಿಯನ್ನು ಸೀಳಿ ಕೆಳಗಿನ ಗಟ್ಟಿ ಪದರಕ್ಕೆ ಮುಟ್ಟುತ್ತದೆ. ಚೈನು ಎಳೆಯುವ ಮುಂದಿನ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಹದಿನಾಲ್ಕು ಹಲ್ಲನ್ನು ಹದಿಮೂರಕ್ಕೆ ಇಳಿಸಿದ್ದರಿಂದ ಎರಡನೆಯ ಗೇರಿನಲ್ಲಿ ಕ್ಲಚ್ ಹಿಡಿಯದೆ ಹೋಗಲು ಸಾಧ್ಯವಾಯಿತು. ಮೈಲೇಜು ಅರವತ್ತೈದರಿಂದ ಐವತ್ತೆಂಟರ ಹತ್ತಿರಕ್ಕೆ ಇಳಿಯಿತು, ಕ್ಲಚ್ ಪ್ಲೇಟಿನ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಇದರ ನಡುವೆ ಗೆಳೆಯರ ಗಾಡಿಗಳನ್ನೂ ಅದೇ ದಾರಿಗೆ ಇಳಿಸಿದ್ದೇನೆ. ಆರ್‌ಎಕ್ಸ್ 100 ಹಗುರ, ಸಿಕ್ಕಿಕೊಂಡರೆ ಒಬ್ಬರೇ ಎತ್ತಿ ಪಕ್ಕಕ್ಕಿಡಬಹುದು. ಆದರೆ ಅದರ ಟೂ ಸ್ಟ್ರೋಕ್ ಎಂಜಿನ್ನಿನ ಬಲ ಮೇಲಿನ ವೇಗದಲ್ಲಿ ಒಮ್ಮೆಲೇ ಬರುವುದರಿಂದ ಗಾಲಿ ನಿಂತಲ್ಲೇ ಗಿರಗಿರನೆ ತಿರುಗಿ ಗುಂಡಿ ತೋಡುತ್ತದೆ. ಹಳೆಯ ಎರಕದ ಕಬ್ಬಿಣದ ಎಂಜಿನ್ನಿನ ಬುಲೆಟ್ ಇದಕ್ಕೆ ತದ್ವಿರುದ್ಧ. ಭಾರದ ಫ್ಲೈವೀಲ್ ಇರುವುದರಿಂದ ಅದು ಬಹಳ ನಿಧಾನ ವೇಗದಲ್ಲೂ ಬಂದಾಗದೆ, ಒಂದೊಂದು ಹೊಡೆತಕ್ಕೂ ನೆಲ ಹಿಡಿದು, ಎತ್ತಿನಂತೆ ಎಳೆಯುತ್ತದೆ. ಆ ಎಳೆತಕ್ಕೆ ಸಮನಾದದ್ದನ್ನು ನಾನು ಇನ್ನೂ ಕಂಡಿಲ್ಲ. ತೂಕ ಮಾತ್ರ ಅದನ್ನು ಹೂತುಬಿಡುತ್ತದೆ. ಈ ಎರಡನ್ನೂ ಓಡಿಸಿದ ಮೇಲೆ, ಹೊಸ ಬೈಕಿನಲ್ಲಿ ಬಲವನ್ನು ಹೇಗೆ ಅಡಗಿಸಿ ಬಳಸಬೇಕೆಂಬುದು ಸ್ಪಷ್ಟವಾಯಿತು.

ಸ್ಪ್ಲೆಂಡರ್‌ನಲ್ಲಿ ನಿಂತದ್ದನ್ನೆಲ್ಲ ಹೊಸ ಬೈಕಿಗೆ ಒಂದೊಂದಾಗಿ ವರ್ಗಾಯಿಸಿದೆ. ಮುಂದಿನ ಕೆಳ ಮಡ್‌ಗಾರ್ಡ್ ಬಿಚ್ಚಿದೆ. ಇದರ ಫೋರ್ಕು ದಪ್ಪದ್ದಾದ್ದರಿಂದ ಕಮಾನಿನ ಅಗತ್ಯ ಬೀಳಲಿಲ್ಲ, ಬ್ರೇಕಿನ ಹೋಸ್ ಪೈಪಿಗೆ ಮಾತ್ರ ಹೊಸ ಕ್ಲಿಪ್ಪು ಬೇಕಾಯಿತು. ಮೇಲೆ ಕೊಕ್ಕಿನಂಥ ಮಡ್‌ಗಾರ್ಡ್ ಮೊದಲೇ ಇದೆ, ಆದರೆ ಅದು ಹಿಂದೆ ಗಿಡ್ಡವಾಗಿರುವುದರಿಂದ ಕೆಸರೆಲ್ಲ ನೇರವಾಗಿ ರೇಡಿಯೇಟರಿಗೆ ಹೊಡೆಯುತ್ತದೆ. ಮೊದಲು ರೇಡಿಯೇಟರಿನ ಮುಂದೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದೆ. ಮಣ್ಣು ಜಾಲರಿಗೇ ಮೆತ್ತಿ ಗಾಳಿ ನಿಂತು, ಬಿಸಿ ಇನ್ನೂ ಬೇಗ ಏರಿತು. ಈಗ ಕೊಕ್ಕಿನ ಹಿಂದೆ ಪೈಪಿನ ತುಂಡನ್ನು ಮುಂದುವರಿಸಿ, ಅದರ ತುದಿಗೆ ಲಾರಿ ಟ್ಯೂಬಿನ ಪಟ್ಟಿಯನ್ನು ಇಳಿಬಿಟ್ಟಿದ್ದೇನೆ. ಪಟ್ಟಿ ಸದಾ ಅಲುಗಾಡುವುದರಿಂದ ಅದರ ಮೇಲೆ ಮಣ್ಣು ಕೂಡುವುದಿಲ್ಲ. ಅದರ ಉದ್ದ ಬಹಳ ಮುಖ್ಯ, ಒಂದು ಅಂಗುಲ ಹೆಚ್ಚಾದರೂ ಗಾಲಿಗೆ ಸಿಕ್ಕಿ ಹರಿಯುತ್ತದೆ. ಹಿಂದೆ 140ರ ಬದಲು 130ರ ಟೈರು ಹಾಕಿ, ಗಾಲಿಯನ್ನು ತಬ್ಬಿದ್ದ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದೆ. ಎಬಿಎಸ್ ರಿಂಗಿಗೆ ಮಾಡಲು ಏನೂ ಇಲ್ಲ, ಹಳೆಯ ಹಲ್ಲುಜ್ಜುವ ಬ್ರಷ್ಷೊಂದನ್ನು ಸೀಟಿನಡಿ ಇಟ್ಟುಕೊಂಡಿದ್ದೇನೆ. ಹೊಲಕ್ಕೆ ಇಳಿಯುವ ಮುನ್ನ ಹಿಂದಿನ ಗಾಲಿಯ ಎಬಿಎಸ್ ಆಫ್ ಮಾಡುತ್ತೇನೆ. ಪ್ರತಿ ಸಲ ಕೀ ತಿರುಗಿಸಿದಾಗ ಅದು ಮತ್ತೆ ಆನ್ ಆಗುತ್ತದೆಂಬುದನ್ನು ನೆನಪಿಡಬೇಕು. ಟೈರಿನ ಗಾಳಿಯನ್ನು ಹಿಂದೆ ಇಪ್ಪತ್ತು ಪಿಎಸ್ಐಗೆ, ಮುಂದೆ ಹದಿನೆಂಟಕ್ಕೆ ಇಳಿಸುತ್ತೇನೆ. ಇದೇ ಗಾಳಿಯಲ್ಲಿ ಶಹಾಬಾದ್, ವಾಡಿ ಸುತ್ತಿನ ಫರಸಿ (ನೆಲಹಾಸು ಕಲ್ಲು) ಗಣಿಗಳ ಕಡೆ ಹೋದರೆ, ಗಣಿಯ ಚೂರುಗಳ ಅಂಚಿಗೆ ಟ್ಯೂಬು ರಿಮ್ಮಿಗೆ ಸಿಕ್ಕಿ ಕತ್ತರಿಸುತ್ತದೆ. ಆ ಕಡೆಗೆ ಮೂವತ್ತರ ಹತ್ತಿರ ಇರಲೇಬೇಕು.

ಎರಡನ್ನೂ ಹೀಗೆ ಸಿದ್ಧ ಮಾಡಿದ ಮೇಲೆ ಹೋಲಿಸುವುದು ನ್ಯಾಯ. ಎರೆಮಣ್ಣಿನಲ್ಲಿ ಹೊಸ ಬೈಕು ಈಗ ದಾಟುತ್ತದೆ, ಆದರೂ ಸ್ಪ್ಲೆಂಡರೇ ಮೇಲು. ಅದರ ತೂಕ ನೂರು ಕೆಜಿಯ ಆಸುಪಾಸು, ಬಿದ್ದರೆ ಒಬ್ಬನೇ ಎತ್ತಬಹುದು. ಪೂರ್ತಿ ಮುಚ್ಚಿದ ಚೈನ್ ಕವರಿನೊಳಗೆ ಮಣ್ಣು ಹೋಗುವುದಿಲ್ಲ, ಹಾಗಾಗಿ ಅದರ ಚೈನ್ ಸೆಟ್ ಇಪ್ಪತ್ತು ಸಾವಿರ ಕಿಲೋಮೀಟರ್ ದಾಟಿದರೆ, ಹೊಸದರ ತೆರೆದ ಚೈನು ಹದಿಮೂರು ಸಾವಿರಕ್ಕೆ ಮುಗಿಯಿತು. ಒಂದಕ್ಕೆ ಸಾವಿರ ರೂಪಾಯಿಯ ಸುತ್ತ, ಇನ್ನೊಂದಕ್ಕೆ ಐದಾರು ಸಾವಿರ. ಇಷ್ಟೊಂದು ಒಳ್ಳೆಯ ಚೈನ್ ಕವರನ್ನು ಇಂಥ ಅಡ್ವೆಂಚರ್ ಗಾಡಿಗಳಲ್ಲಿ ಬಿಟ್ಟುಬಿಟ್ಟಿರುವುದು ನನಗೆ ನಿಜವಾಗಿ ಬೇಸರ ತರುತ್ತದೆ. ಸ್ಪ್ಲೆಂಡರಿನ ಕೊರತೆ ಡ್ರಮ್ ಬ್ರೇಕಿನದು. ಕೆಸರುನೀರು ಒಳಗೆ ಹೋದರೆ ಅರ್ಧ ಕಿಲೋಮೀಟರ್‌ವರೆಗೆ ಹಿಡಿಯುವುದಿಲ್ಲ. ಜೊತೆಗೆ, ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಕಾರ್ಬೊರೇಟರಿನ ರಬ್ಬರುಗಳನ್ನೂ ಪೆಟ್ರೋಲ್ ಪೈಪನ್ನೂ ಬದಲಿಸಿ, ಎಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಮೇನ್ ಜೆಟ್ಟನ್ನು ಒಂದು ಗಾತ್ರ ಹೆಚ್ಚಿಸಬೇಕಾಯಿತು. ಇದಕ್ಕೆ ಒಟ್ಟು ಐದುನೂರರೊಳಗೆ ಖರ್ಚಾಯಿತು.

ಎರೆಭೂಮಿ ಬಿಟ್ಟ ಕೂಡಲೇ ಲೆಕ್ಕ ತಲೆಕೆಳಗಾಗುತ್ತದೆ. ಹುಮನಾಬಾದ್ ಮೇಲಿಂದ ಬೀದರ್‌ಗೆ ಹೋಗುವ ನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿಯಲ್ಲಿ, ಉಪಕರಣದ ಚೀಲಗಳನ್ನು ಹೇರಿಕೊಂಡು ಲಾರಿಗಳನ್ನು ದಾಟುವಾಗ, ಹಳೆಯ ನೂರು ಸಿಸಿ ಗಾಡಿ ಅಪಾಯಕ್ಕೇ ಒಡ್ಡುತ್ತದೆ. ಬೀದರಿನ ಜಂಬಿಟ್ಟಿಗೆ ನೆಲ ಮಳೆಯಲ್ಲೂ ಗಾಲಿಗೆ ಕಟ್ಟುವುದಿಲ್ಲ, ಆ ಉರುಟು ದಾರಿಯಲ್ಲಿ ಹೊಸ ಬೈಕಿನ ಉದ್ದದ ಸಸ್ಪೆನ್ಶನ್ ಸೊಂಟವನ್ನು ಉಳಿಸುತ್ತದೆ. ಚಿಂಚೋಳಿಯ ಕಾಡುಗುಡ್ಡಗಳ ಇಳಿಜಾರಿನಲ್ಲಿ ಡಿಸ್ಕ್ ಬ್ರೇಕೂ, ರಾತ್ರಿ ಮರಳುವಾಗ ಹೆಡ್‌ಲೈಟೂ ಕೊಡುವ ಧೈರ್ಯಕ್ಕೆ ಹಳೆಯದರಲ್ಲಿ ಸಮವಿಲ್ಲ. ಮೇ ತಿಂಗಳ ನಲವತ್ಮೂರು ಡಿಗ್ರಿ ಬಿಸಿಲಿನಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಸಂದಣಿಯಲ್ಲಿ ಮಾತ್ರ ರೇಡಿಯೇಟರಿನ ಬಿಸಿಗಾಳಿ ಕಾಲು ಸುಡುತ್ತದೆ.

ಹೊಸ ಬೈಕಿಗೆ ಪೈಪು, ಕ್ಲಿಪ್ಪು, ಲಾರಿ ಟ್ಯೂಬು, ಮಜೂರಿ ಸೇರಿ ಒಂದೂವರೆ ಸಾವಿರ, ಟೈರಿಗೆ ಸುಮಾರು ಐದು ಸಾವಿರ, ಕೆಲಸಕ್ಕೆ ಬಾರದೆ ಹೋದ ಜಾಲರಿ ಮತ್ತು ಅದರ ಫ್ರೇಮಿಗೆ ಎಂಟುನೂರು ಖರ್ಚಾಗಿದೆ. ಕಂಪನಿಯ ಮಡ್‌ಗಾರ್ಡನ್ನೂ ಹೊದಿಕೆಯನ್ನೂ ಬೋಲ್ಟುಗಳ ಸಮೇತ ಚೀಲದಲ್ಲಿ ಕಟ್ಟಿಟ್ಟಿದ್ದೇನೆ, ದೀಪಾವಳಿ ಮುಗಿದ ಮೇಲೆ ಮತ್ತೆ ಜೋಡಿಸಲು ಅರ್ಧ ಗಂಟೆ ಸಾಕು. ಹೊಸ ಬೈಕಿನಲ್ಲಿ ಸ್ವಿಂಗ್ ಆರ್ಮಿನ ಮುಂದಿನ ಸಂದಿಯಲ್ಲಿ ಇನ್ನೂ ಸ್ವಲ್ಪ ಮಣ್ಣು ನಿಲ್ಲುತ್ತಿದೆ. ಅಲ್ಲಿಗೆ ತಿರುಗುವ ಗಾಲಿಯಿಂದಲೇ ಮಣ್ಣನ್ನು ಕೆರೆದು ಬೀಳಿಸುವ ಒಂದು ಪಟ್ಟಿ ಮಾಡಿಸಿದ್ದೇನೆ. ಸದ್ಯ ಅದನ್ನು ಟೈರಿನಿಂದ ಹನ್ನೆರಡು ಮಿಲಿಮೀಟರ್ ದೂರಕ್ಕೆ ಕೂಡಿಸಿದ್ದೇನೆ. ಮುಂದಿನ ಮೃಗಶಿರಾ ಮಳೆಗೆ ಜೇವರ್ಗಿ ಕಡೆಯ ಅದೇ ದಾರಿಯಲ್ಲಿ ಅದನ್ನು ಓಡಿಸಿ ನೋಡಿ, ನಿಂತರೆ ಅಳತೆ ಕೇಳಿದವರಿಗೆಲ್ಲ ಕೊಡುತ್ತೇನೆ.