ಕರಾವಳಿಯ ಹಳೆಯ ಸ್ಪೋರ್ಟ್ಸ್ ಬೈಕ್: ಹಿಂಬದಿ ಸಸ್ಪೆನ್ಶನ್ ಬಿಚ್ಚಿ ಮತ್ತೆ ಕಟ್ಟುವ ಕ್ರಮ

ಹಳೆಯ ಸ್ಪೋರ್ಟ್ಸ್ ಬೈಕಿನ ಹಿಂಭಾಗ ಕುಣಿಯುತ್ತಿದೆ, ತಿರುವಿನಲ್ಲಿ ಜಾರಿದಂತಾಗುತ್ತಿದೆ ಎಂದು ಹೇಳಿದ ಕೂಡಲೇ ಸಾಮಾನ್ಯವಾಗಿ ಸಿಗುವ ಸಲಹೆ, ಶಾಕ್ ಅಬ್ಸಾರ್ಬರ್ ಹೋಗಿದೆ, ಹೊಸದು ಹಾಕಿಸಿ ಎಂಬುದು. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಆದರೆ ಮಂಗಳೂರು, ಉಡುಪಿಯ ಕಡೆ ಹತ್ತು ಹದಿನೈದು ಮಳೆಗಾಲ ಕಂಡ ಬೈಕುಗಳಲ್ಲಿ ಶಾಕ್‌ಗಿಂತ ಮೊದಲು ಕೆಡುವುದು ಅದರ ಕೆಳಗೆ ಕಣ್ಣಿಗೆ ಕಾಣದಂತೆ ಕುಳಿತಿರುವ ಲಿಂಕೇಜ್ (ಶಾಕನ್ನು ಚಕ್ರದ ತೋಳಿಗೆ ಜೋಡಿಸುವ ಕೊಂಡಿಗಳು) ಮತ್ತು ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ಆ ತೋಳು) ಇವುಗಳ ಬೇರಿಂಗುಗಳು. ಅವುಗಳನ್ನು ಮುಟ್ಟದೆ ಸಾವಿರಾರು ರೂಪಾಯಿಯ ಹೊಸ ಶಾಕ್ ಜೋಡಿಸಿದರೆ ಹಣ ಖರ್ಚಾಗುತ್ತದೆಯೇ ಹೊರತು ದೋಷ ಅಲ್ಲೇ ಉಳಿಯುತ್ತದೆ. ಆದ್ದರಿಂದ ಈ ಬರಹದಲ್ಲಿ ಲಿಂಕೇಜಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

2008ರಲ್ಲಿ ಬಂದ ಯಮಹಾ ಆರ್15, 2009ರಲ್ಲಿ ಭಾರತಕ್ಕೆ ಬಂದ ಕವಾಸಕಿ ನಿಂಜಾ 250ಆರ್, 2011ರ ಹೋಂಡಾ ಸಿಬಿಆರ್250ಆರ್, ಈ ಮೂರರಲ್ಲೂ ಹಿಂಬದಿಗೆ ಒಂದೇ ಶಾಕ್ ಇದ್ದು, ಅದು ಲಿಂಕೇಜಿನ ಮೂಲಕ ಕೆಲಸ ಮಾಡುತ್ತದೆ. ಹೋಂಡಾ ಇದನ್ನು ಪ್ರೊ-ಲಿಂಕ್ ಎಂದೂ ಕವಾಸಕಿ ಯೂನಿ-ಟ್ರ್ಯಾಕ್ ಎಂದೂ ಕರೆಯುತ್ತವೆ. ಹೆಸರು ಬೇರೆಯಾದರೂ ತತ್ವ ಒಂದೇ. ಚಕ್ರ ಮೇಲೆದ್ದಾಗ ಸ್ವಿಂಗ್ ಆರ್ಮ್ ನೇರವಾಗಿ ಶಾಕನ್ನು ಒತ್ತುವುದಿಲ್ಲ. ನಡುವೆ ಇರುವ ರಾಕರ್ ಎಂಬ ತಿರುಗುವ ತುಂಡು ಮತ್ತು ಲಿಂಕ್ ಪಟ್ಟಿಗಳು ತಿರುಗಿ, ಚಕ್ರ ಮೇಲೇರಿದಷ್ಟೂ ಒತ್ತಡ ಹೆಚ್ಚುತ್ತಾ ಹೋಗುವಂತೆ ಮಾಡುತ್ತವೆ. ಈ ಏರ್ಪಾಡಿನಲ್ಲಿ ಚಕ್ರ ಎರಡು ಮೂರು ಮಿಲಿಮೀಟರ್ ಚಲಿಸಿದಾಗ ಶಾಕ್ ಸುಮಾರು ಒಂದು ಮಿಲಿಮೀಟರ್ ಮಾತ್ರ ಚಲಿಸುತ್ತದೆ. ಹಾಗಾಗಿ ಲಿಂಕೇಜಿನಲ್ಲಿ ಅರ್ಧ ಮಿಲಿಮೀಟರ್ ಸವೆತವಿದ್ದರೂ ಚಕ್ರದ ಬಳಿ ಅದು ದುಪ್ಪಟ್ಟಿಗೂ ಹೆಚ್ಚಾಗಿ ತೋರುತ್ತದೆ. ಇದಕ್ಕೆ ವಿರುದ್ಧವಾಗಿ ಬೇರಿಂಗ್ ತುಕ್ಕು ಹಿಡಿದು ಬಿಗಿಯಾದರೆ ಸಣ್ಣ ಗುಂಡಿಗಳಿಗೆ ಲಿಂಕೇಜ್ ಅಲುಗುವುದೇ ಇಲ್ಲ. ಶಾಕ್ ಎಷ್ಟು ಚೆನ್ನಾಗಿದ್ದರೂ ಪೆಟ್ಟು ನೇರವಾಗಿ ಬೆನ್ನಿಗೆ ಬರುತ್ತದೆ.

ಕರಾವಳಿಯಲ್ಲಿ ಈ ತೊಂದರೆ ಹೆಚ್ಚಿರುವುದಕ್ಕೆ ಮಳೆಯೊಂದೇ ಕಾರಣವಲ್ಲ. ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75ನ್ನು ದಾಟಿದಾಗ ತೇವವನ್ನು ತಾನೇ ಎಳೆದುಕೊಂಡು ಕರಗುತ್ತದೆ. ನಮ್ಮ ಕಡಲತೀರದಲ್ಲಿ ವರ್ಷದ ಬಹುಭಾಗ ರಾತ್ರಿ ಮತ್ತು ಬೆಳಗಿನ ಹೊತ್ತು ಆರ್ದ್ರತೆ ಇದಕ್ಕಿಂತ ಮೇಲಿರುವುದರಿಂದ, ಪಣಂಬೂರು, ಮಲ್ಪೆ, ಮರವಂತೆಯ ಗಾಳಿ ತಂದು ಕೂರಿಸಿದ ಉಪ್ಪು ಮಳೆಯಿಲ್ಲದ ದಿನವೂ ಲೋಹವನ್ನು ಒದ್ದೆಯಾಗಿಯೇ ಇಡುತ್ತದೆ. ಇದರ ಜೊತೆಗೆ ಹಿಂದಿನ ಚಕ್ರ ಎರಚುವ ಕೆಂಪು ಮಣ್ಣು ಸೇರಿ ಸೀಲುಗಳ ಅಂಚನ್ನು ತಿನ್ನುತ್ತದೆ.

ಬಿಚ್ಚುವ ಮೊದಲು ದೋಷ ಎಲ್ಲಿದೆ ಎಂದು ಪತ್ತೆ ಹಚ್ಚಬೇಕು. ಹಿಂದಿನ ಚಕ್ರ ನೆಲದಿಂದ ಮೇಲಿರುವಂತೆ ಬೈಕನ್ನು ಭದ್ರವಾಗಿ ನಿಲ್ಲಿಸಿ, ಒಂದು ಕೈಯಿಂದ ಫ್ರೇಮನ್ನು, ಇನ್ನೊಂದರಿಂದ ಸ್ವಿಂಗ್ ಆರ್ಮಿನ ತುದಿಯನ್ನು ಹಿಡಿದು ಎಡಕ್ಕೂ ಬಲಕ್ಕೂ ತಳ್ಳಿ ನೋಡಿರಿ. ಅಲುಗಾಟ ಕಂಡರೆ ಸ್ವಿಂಗ್ ಆರ್ಮ್ ಫ್ರೇಮಿಗೆ ಸೇರಿ ತಿರುಗುವ ಜಾಗದ, ಅಂದರೆ ಪಿವಟ್ಟಿನ, ಬೇರಿಂಗಿನಲ್ಲಿ ಸಡಿಲು ಬಂದಿದೆ. ಬಳಿಕ ಚಕ್ರವನ್ನು ಮೆಲ್ಲನೆ ಮೇಲಕ್ಕೆತ್ತಿ. ಶಾಕ್ ಒತ್ತಿಕೊಳ್ಳಲು ಶುರುವಾಗುವ ಮೊದಲೇ ಟಕ್ ಎಂದು ಸಡಿಲು ಸಿಕ್ಕರೆ ತೊಂದರೆ ಲಿಂಕೇಜಿನದು. ಚಕ್ರದ ಬೇರಿಂಗ್ ಹೋಗಿದ್ದರೂ ಇಂಥದೇ ಅಲುಗಾಟ ಬರುವುದರಿಂದ, ಅಲುಗುತ್ತಿರುವುದು ಚಕ್ರವೋ ಸ್ವಿಂಗ್ ಆರ್ಮೋ ಎಂಬುದನ್ನು ಒಬ್ಬರು ತಳ್ಳುವಾಗ ಇನ್ನೊಬ್ಬರು ಬೆರಳಿಟ್ಟು ನೋಡುವುದು ಉತ್ತಮ. ಕೊನೆಗೆ ಚಕ್ರವನ್ನು ಇಳಿಸಿ ಸೀಟಿನ ಹಿಂಭಾಗವನ್ನು ಜೋರಾಗಿ ಒತ್ತಿ ಬಿಡಬೇಕು. ಅದು ಒಮ್ಮೆ ಮೇಲೆದ್ದು ನಿಂತರೆ ಡ್ಯಾಂಪಿಂಗ್, ಅಂದರೆ ಕುಣಿತವನ್ನು ತಡೆಯುವ ಗುಣ, ಇದೆ ಎಂದರ್ಥ. ಎರಡು ಮೂರು ಬಾರಿ ಮೇಲೆ ಕೆಳಗೆ ಆಡಿದರೆ ಶಾಕಿನ ಒಳಗಿನ ಎಣ್ಣೆ ಅಥವಾ ಸೀಲು ಹಾಳಾಗಿದೆ.

ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಕೈಯಲ್ಲಿಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಪ್ರತಿ ಬೋಲ್ಟಿನ ಟಾರ್ಕ್ (ಎಷ್ಟು ಬಿಗಿಯಬೇಕೆಂಬ ಅಳತೆ), ಬೇರಿಂಗ್ ಎಷ್ಟು ಒಳಗೆ ಕೂರಬೇಕು ಎಂಬ ಅಳತೆ, ಬೋಲ್ಟ್ ಯಾವ ಕಡೆಯಿಂದ ತೂರಬೇಕು ಎಂಬುದೆಲ್ಲ ಅದರಲ್ಲಿರುತ್ತದೆ, ಮತ್ತು ಅವು ಮಾದರಿಯಿಂದ ಮಾದರಿಗೆ ಬೇರೆಯಾಗುತ್ತವೆ. ಟಾರ್ಕ್ ವ್ರೆಂಚ್, ವರ್ನಿಯರ್, ಒಳ್ಳೆಯ ಬಾಕ್ಸ್ ಸ್ಪಾನರ್ ಸೆಟ್, ಹಿತ್ತಾಳೆಯ ಪಂಚ್, ಹಾಟ್ ಏರ್ ಗನ್ ಮತ್ತು ದಪ್ಪನೆಯ ಥ್ರೆಡ್ ರಾಡ್ ಇದ್ದರೆ ಮನೆಯಲ್ಲೇ ಬಹುಪಾಲು ಮುಗಿಯುತ್ತದೆ.

ಬೈಕನ್ನು ಎತ್ತಿ ನಿಲ್ಲಿಸುವುದೇ ಮೊದಲ ತೊಡಕು. ಸ್ವಿಂಗ್ ಆರ್ಮಿಗೆ ಕೊಡುವ ಪ್ಯಾಡಾಕ್ ಸ್ಟ್ಯಾಂಡ್ ಇಲ್ಲಿ ಪ್ರಯೋಜನಕ್ಕಿಲ್ಲ, ಏಕೆಂದರೆ ಕಳಚಬೇಕಾದದ್ದೇ ಆ ಸ್ವಿಂಗ್ ಆರ್ಮ್. ಎಂಜಿನ್ ಅಡಿಯಲ್ಲಿ ಮರದ ಹಲಗೆಯಿಟ್ಟು ಜಾಕ್ ಕೊಡಬಹುದು, ಆದರೆ ಸೈಲೆನ್ಸರ್ ಪೈಪಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕು. ಹೆಂಚಿನ ಮನೆಯ ಚಾವಡಿಯ ತೊಲೆಗೆ ಬೆಲ್ಟ್ ಕಟ್ಟಿ ಹಿಂಬದಿ ಫ್ರೇಮನ್ನು ತೂಗುಹಾಕುವವರೂ ಇದ್ದಾರೆ. ತೊಲೆಗೆ ಗೆದ್ದಲು ತಗಲಿಲ್ಲ ಎಂದು ಖಚಿತವಿದ್ದರೆ ಮಾತ್ರ ಹಾಗೆ ಮಾಡಿ, ಹೆಂಚು ಹೊರುವ ತೆಳ್ಳಗಿನ ಪಕ್ಕಾಸಿಗಂತೂ ಕಟ್ಟಲೇಬಾರದು. ಯಾವ ಬಗೆಯಲ್ಲಿ ಎತ್ತಿದರೂ ಮುಂದಿನ ಚಕ್ರಕ್ಕೆ ಅಡ್ಡೆ ಕೊಟ್ಟು, ಬ್ರೇಕ್ ಲಿವರನ್ನು ಪಟ್ಟಿಯಿಂದ ಬಿಗಿದು ಕಟ್ಟಬೇಕು.

ಚಕ್ರ, ಚೈನ್ ಗಾರ್ಡ್ ತೆಗೆದ ಮೇಲೆ ಬ್ರೇಕ್ ಕ್ಯಾಲಿಪರನ್ನು ಹೋಸಿನ ಮೇಲೆ ನೇತಾಡಲು ಬಿಡದೆ ತಂತಿಯಿಂದ ಫ್ರೇಮಿಗೆ ಕಟ್ಟಿರಿ. ಲಿಂಕೇಜಿನ ಎಲ್ಲ ಬೋಲ್ಟುಗಳಿಗೂ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಬೆಳಿಗ್ಗೆ ಅರ್ಧ ಕೆಲಸ ಹಗುರವಾಗುತ್ತದೆ. ಬೋಲ್ಟ್ ಕದಲದಿದ್ದಾಗ ನಟ್ಟನ್ನು ಪೂರ್ತಿ ತೆಗೆಯದೆ ಅಂಚಿಗೆ ಸಮವಾಗಿ ಉಳಿಸಿಕೊಂಡು, ಹಿತ್ತಾಳೆಯ ಪಂಚಿನಿಂದ ತಟ್ಟಬೇಕು. ಬರಿಯ ತುದಿಗೆ ಸುತ್ತಿಗೆ ಬಿದ್ದರೆ ಥ್ರೆಡ್ ಹಾಳಾಗಿ ಬೋಲ್ಟ್ ಎಂದಿಗೂ ಹೊರಬರುವುದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಹಿಡಿದುಕೊಳ್ಳುವುದು ಸ್ವಿಂಗ್ ಆರ್ಮಿನ ಉದ್ದನೆಯ ಪಿವಟ್ ರಾಡ್. ಅದು ಒಳಗಿನ ಕಾಲರಿಗೆ (ಬೋಲ್ಟ್ ತೂರುವ ಉಕ್ಕಿನ ಕೊಳವೆಗೆ) ಅಂಟಿಕೊಂಡು ಬಿಸಿಗೂ ಪೆಟ್ಟಿಗೂ ಜಗ್ಗದಿದ್ದರೆ, ಬಲ ಹೆಚ್ಚಿಸುತ್ತಾ ಹೋಗಿ ಫ್ರೇಮ್ ಬಗ್ಗಿಸಿಕೊಳ್ಳುವ ಬದಲು ಬೈಕಂಪಾಡಿ ಅಥವಾ ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲಿ ಪ್ರೆಸ್ ಇರುವ ಲೇತ್ ಅಂಗಡಿಗೆ ಕೊಂಡೊಯ್ಯುವುದು ಜಾಣತನ. ತೆಗೆದ ಪ್ರತಿ ಬೋಲ್ಟನ್ನೂ ಅದರ ವಾಶರ್, ಕಾಲರ್ ಸಹಿತ ಬೇರೆ ಬೇರೆ ಚೀಲದಲ್ಲಿಟ್ಟು ಗುರುತು ಬರೆದಿಡಿ.

ಈಗ ಬೇರಿಂಗುಗಳು. ಕಾಲರನ್ನು ಹೊರಗೆಳೆಯುವಾಗ ಕೆಳಗೊಂದು ಬಿಳಿ ಬಟ್ಟೆ ಹಾಸಿರಿ, ಏಕೆಂದರೆ ಅನೇಕ ಲಿಂಕೇಜುಗಳಲ್ಲಿ ನೀಡಲ್ ಬೇರಿಂಗಿಗೆ (ಸೂಜಿಯಂಥ ಉಕ್ಕಿನ ಕಡ್ಡಿಗಳಿರುವ ಬೇರಿಂಗಿಗೆ) ಒಳಗೆ ಕೇಜ್, ಅಂದರೆ ಕಡ್ಡಿಗಳನ್ನು ಹಿಡಿದಿಡುವ ಚೌಕಟ್ಟು, ಇರುವುದಿಲ್ಲ, ಕಾಲರ್ ಹೊರಬಂದೊಡನೆ ಸಣ್ಣ ಕಡ್ಡಿಗಳೆಲ್ಲ ಉದುರುತ್ತವೆ. ಗ್ರೀಸ್ ಹಾಲು ಬೆರೆಸಿದಂತೆ ಬಿಳಿಚಿಕೊಂಡಿದ್ದರೆ ಒಳಗೆ ನೀರು ಹೊಕ್ಕಿದೆ. ಕಂದು ಪುಡಿಯಾಗಿದ್ದರೆ ಬೇರಿಂಗಿನ ಆಯುಷ್ಯ ಮುಗಿದಿದೆ. ಎಲ್ಲವನ್ನೂ ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು ಒರೆಸಿ, ಕಾಲರಿನ ಮೇಲ್ಮೈಯ ಮೇಲೆ ಉಗುರು ಓಡಿಸಿ ನೋಡಿರಿ. ಉಗುರು ಎಲ್ಲಿಯಾದರೂ ತಡೆದರೆ, ಅಥವಾ ನೀಡಲುಗಳ ಸಾಲುಸಾಲು ಗುರುತು ಕಂಡರೆ, ಎಮರಿ ಕಾಗದದಿಂದ ತಿಕ್ಕಿ ಮತ್ತೆ ಹಾಕುವ ಯೋಚನೆ ಬೇಡ. ಲಿಂಕೇಜಿನ ಬೇರಿಂಗ್ ಪೂರ್ತಿ ಸುತ್ತು ತಿರುಗದೆ ಕೆಲವೇ ಡಿಗ್ರಿ ಹಿಂದೆ ಮುಂದೆ ಆಡುವುದರಿಂದ ಪೆಟ್ಟೆಲ್ಲ ಅದೇ ಜಾಗಕ್ಕೆ ಬೀಳುತ್ತದೆ. ಹೊಸ ಬೇರಿಂಗನ್ನು ಹಳೆಯ ಗೀಟಿನ ಕಾಲರಿಗೆ ಸೇರಿಸಿದರೆ ಅದೂ ಬೇಗ ಸವೆಯುತ್ತದೆ. ಕಾಲರ್, ಬೇರಿಂಗ್, ಸೀಲ್ ಮೂರನ್ನೂ ಒಟ್ಟಿಗೆ ಬದಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕಂಪನಿಯ ಬಿಡಿಭಾಗ ಸಿಗದಾಗ ಬೇರಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಕೇಳಬಹುದು. ಉದಾಹರಣೆಗೆ ಎಚ್‌ಕೆ 2020 ಎಂದು ಬರೆದಿದ್ದರೆ ಒಳವ್ಯಾಸ 20, ಹೊರವ್ಯಾಸ 26, ಅಗಲ 20 ಮಿಲಿಮೀಟರ್. ಆದರೆ ಎಚ್‌ಕೆ ಸರಣಿಯದು ಕೇಜ್ ಇರುವ ಬೇರಿಂಗ್. ಕೇಜ್ ಇಲ್ಲದೆ ನೀಡಲುಗಳನ್ನು ಒತ್ತೊತ್ತಾಗಿ ತುಂಬಿದ ಬೇರಿಂಗ್ ಹೆಚ್ಚು ಭಾರ ಹೊರುತ್ತದೆ. ಅಂಥದ್ದಿದ್ದ ಜಾಗಕ್ಕೆ ಅಳತೆ ಹೊಂದಿತೆಂದು ಕೇಜ್ ಇರುವುದನ್ನು ಕೂರಿಸಬಾರದು.

ಹಳೆಯದನ್ನು ಹೊರತಳ್ಳಲು ಮತ್ತು ಹೊಸದನ್ನು ಕೂರಿಸಲು ಸುತ್ತಿಗೆಗಿಂತ ಥ್ರೆಡ್ ರಾಡ್ ಮೇಲು. ರಾಡಿನ ಒಂದು ತುದಿಗೆ ಬೇರಿಂಗಿನ ಹೊರ ಅಂಚಿಗೆ ಸರಿಹೊಂದುವ ಸಾಕೆಟ್, ಇನ್ನೊಂದು ತುದಿಗೆ ಬೇರಿಂಗ್ ಒಳನುಗ್ಗುವಷ್ಟು ದೊಡ್ಡ ಸಾಕೆಟ್ ಹಾಕಿ ನಟ್ಟು ಬಿಗಿಯುತ್ತಾ ಹೋದರೆ ಬೇರಿಂಗ್ ನೇರವಾಗಿ ಚಲಿಸುತ್ತದೆ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ರಾಕರನ್ನು ಸುಮಾರು 100 ಡಿಗ್ರಿಯವರೆಗೆ ಬಿಸಿ ಮಾಡಿ, ಹೊಸ ಬೇರಿಂಗನ್ನು ಫ್ರೀಜರಿನಲ್ಲಿಟ್ಟು ತೆಗೆದರೆ ಬಲ ಕಡಿಮೆ ಸಾಕಾಗುತ್ತದೆ. ಬೇರಿಂಗಿನ ಮೇಲೆ ಸಂಖ್ಯೆ ಅಚ್ಚಾದ ಬದಿಯೇ ಗಟ್ಟಿಯಾದದ್ದು; ಒತ್ತುವ ಸಾಕೆಟ್ ಆ ಬದಿಗೆ ಬರಬೇಕು. ಹಳೆಯದು ಎಷ್ಟು ಒಳಗಿತ್ತೆಂದು ತೆಗೆಯುವ ಮೊದಲೇ ವರ್ನಿಯರಿನಿಂದ ಅಳೆದಿಟ್ಟುಕೊಳ್ಳದಿದ್ದರೆ ಕೊನೆಗೆ ಸೀಲಿಗೆ ಜಾಗವೇ ಉಳಿಯುವುದಿಲ್ಲ.

ಗ್ರೀಸಿನ ಆಯ್ಕೆಯಲ್ಲಿ ಜಿಪುಣತನ ಸಲ್ಲದು. ಹೋಂಡಾದಂಥ ತಯಾರಕರು ಲಿಂಕೇಜಿಗೆ ಮಾಲಿಬ್ಡಿನಂ ಡೈಸಲ್ಫೈಡ್ ಇರುವ ಗ್ರೀಸ್ ಸೂಚಿಸುತ್ತಾರೆ. ಉಪ್ಪುನೀರಿನ ಎದುರು ನಿಲ್ಲುವ ಗುಣದಲ್ಲಿ ಕ್ಯಾಲ್ಸಿಯಂ ಸಲ್ಫೊನೇಟ್ ಗ್ರೀಸ್ ಸಾಧಾರಣ ಲಿಥಿಯಂ ಗ್ರೀಸಿಗಿಂತ ಬಹಳ ಮೇಲು. ದೋಣಿಗಳಿಗೆ ಬಳಸುವ ಮೆರೈನ್ ಗ್ರೀಸುಗಳಲ್ಲಿ ಈ ಬಗೆಯದು ಇರುತ್ತದೆ, ಮಂಗಳೂರು ಬಂದರಿನ ದಕ್ಕೆಯ (ದೋಣಿ ನಿಲ್ಲುವ ಕಟ್ಟೆಯ) ಬಳಿ ಅಥವಾ ಮಲ್ಪೆಯಲ್ಲಿ ದೋಣಿ ಎಂಜಿನ್ನಿನ ಸಾಮಾನು ಮಾರುವಲ್ಲಿ ಕೇಳಿ ನೋಡಬಹುದು. ನೀಡಲುಗಳ ನಡುವೆ ಬೆರಳಿನಿಂದ ತುಂಬಿ, ಸೀಲಿನ ಅಂಚಿಗೂ ಬೋಲ್ಟಿನ ನಡುಭಾಗಕ್ಕೂ ತೆಳುವಾಗಿ ಹಚ್ಚಿರಿ. ಮ್ಯಾನ್ಯುಯಲ್ ಹೇಳದ ಹೊರತು ಥ್ರೆಡ್‌ಗೆ ಗ್ರೀಸ್ ಬೇಡ. ಥ್ರೆಡ್ ಜಾರಿದರೆ ಅದೇ ಟಾರ್ಕಿಗೆ ಬೋಲ್ಟ್ ಅತಿಯಾಗಿ ಎಳೆದುಕೊಳ್ಳುತ್ತದೆ.

ತುಕ್ಕು ಹಿಡಿಯುವುದಿಲ್ಲ ಎಂಬ ಕಾರಣಕ್ಕೆ ಲಿಂಕೇಜಿಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿಸುವ ಅಭ್ಯಾಸ ನಮ್ಮ ಕಡೆ ಹರಡುತ್ತಿದೆ. ಇದು ಅಪಾಯಕಾರಿ. ಅಂಗಡಿಯಲ್ಲಿ ಸಿಗುವ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟಿನ ಎಳೆತದ ಶಕ್ತಿ 700 ಮೆಗಾಪಾಸ್ಕಲ್, 10.9 ದರ್ಜೆಯ ಉಕ್ಕಿನ ಬೋಲ್ಟಿನದು ಸುಮಾರು 1000. ಫೇರಿಂಗಿಗೆ (ಬೈಕಿನ ಹೊರ ಹೊದಿಕೆಗೆ) ಸ್ಟೇನ್‌ಲೆಸ್ ಇರಲಿ, ಸಸ್ಪೆನ್ಶನ್ನಿಗೆ ಕಂಪನಿಯ ಬೋಲ್ಟೇ ಇರಲಿ. ನೈಲಾನ್ ಇರುವ ಲಾಕ್ ನಟ್ಟುಗಳನ್ನು ಹೊಸದಾಗಿಯೇ ಹಾಕಬೇಕು.

ಶಾಕಿನ ವಿಷಯದಲ್ಲಿ ಒಂದು ಗಡಿ ಇದೆ. ರಾಡಿನ ಮೇಲೆ ಎಣ್ಣೆ, ತುಕ್ಕಿನ ಚುಕ್ಕೆ, ಮೇಲಿನ ಬುಷ್ಷಿನ ಸವೆತ, ಇವನ್ನು ನೀವೇ ನೋಡಬಹುದು. ಆದರೆ ಗ್ಯಾಸ್ ತುಂಬಿದ ಶಾಕಿನೊಳಗೆ ನೈಟ್ರೋಜನ್ ಸಾಮಾನ್ಯವಾಗಿ 10 ಬಾರ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡದಲ್ಲಿರುತ್ತದೆ, ಸ್ಪ್ರಿಂಗ್ ಕೂಡ ಒತ್ತಿಕೊಂಡೇ ಕುಳಿತಿರುತ್ತದೆ. ಸರಿಯಾದ ಕಂಪ್ರೆಸರ್ ಇಲ್ಲದೆ ಸ್ಪ್ರಿಂಗ್ ಬಿಚ್ಚುವುದಾಗಲಿ, ಶಾಕಿನ ಒಡಲಿಗೆ ತೂತು ಕೊರೆಯುವುದಾಗಲಿ ಜೀವಕ್ಕೇ ಕುತ್ತು. ಎಣ್ಣೆ, ಸೀಲ್, ಪಿಸ್ಟನ್ ರಿಂಗ್ ಬದಲಿಸಿ ಗ್ಯಾಸ್ ತುಂಬಿಸುವ ಕೆಲಸವನ್ನು ಶಾಕ್ ರಿಪೇರಿಯನ್ನೇ ವೃತ್ತಿಯಾಗಿಸಿಕೊಂಡವರಿಗೆ ಕಳಿಸಿಕೊಡಿ. ಕಂಪನಿಯ ಶಾಕ್ ತೆರೆಯಲಾಗದಂತೆ ಅಂಚು ಮಡಚಿದ ಬಗೆಯದಾಗಿದ್ದರೆ ಹೊಸದೇ ಗತಿ. ಗುಜರಿಯಿಂದ ಬೇರೆ ಮಾದರಿಯ ಶಾಕ್ ತಂದು ಕೂರಿಸುವವರು ಅದರ ಎರಡು ಕಣ್ಣುಗಳ ನಡುವಿನ ಉದ್ದವನ್ನು ಮೊದಲು ಅಳೆಯಲಿ. ಅಲ್ಲಿ 3 ಮಿಲಿಮೀಟರ್ ವ್ಯತ್ಯಾಸವಾದರೆ ಹಿಂಭಾಗದ ಎತ್ತರ 6ರಿಂದ 9 ಮಿಲಿಮೀಟರ್ ಬದಲಾಗಿ, ಹ್ಯಾಂಡಲಿನ ಸ್ವಭಾವವೇ ಬೇರೆಯಾಗುತ್ತದೆ.

ಜೋಡಿಸುವಾಗ ಸ್ವಿಂಗ್ ಆರ್ಮ್ ಮೊದಲು. ಪಿವಟ್ ಬಿಗಿದ ಮೇಲೆ, ಬೇರೇನನ್ನೂ ಸೇರಿಸುವ ಮುನ್ನ, ಅದನ್ನು ಎತ್ತಿ ಬಿಡಿ. ತನ್ನ ಭಾರಕ್ಕೆ ತಾನೇ ನಯವಾಗಿ ಇಳಿಯಬೇಕು. ಬಳಿಕ ಶಾಕ್, ರಾಕರ್, ಲಿಂಕ್ ಪಟ್ಟಿ. ಎಲ್ಲ ಬೋಲ್ಟುಗಳನ್ನೂ ಕೈಯಿಂದ ಕೂರಿಸಿಕೊಂಡು ಆಮೇಲೆ ಟಾರ್ಕ್ ಕೊಡಿ. ಶಾಕಿನ ತುದಿಯಲ್ಲಿ ರಬ್ಬರ್ ಅಂಟಿಸಿದ ಬುಷ್ ಇದ್ದರೆ ಆ ಬೋಲ್ಟನ್ನು ಬೈಕ್ ತನ್ನ ಚಕ್ರದ ಮೇಲೆ ನಿಂತ ನಂತರವೇ ಪೂರ್ತಿ ಬಿಗಿಯಬೇಕು, ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎಂಜಿನ್ ಸ್ಪ್ರಾಕೆಟ್, ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗಿರುವುದರಿಂದ, ಸವಾರ ಕೂತಾಗಲೂ ಚೈನಿನಲ್ಲಿ ಸಡಿಲು ಉಳಿದಿದೆಯೇ ಎಂದು ಪರೀಕ್ಷಿಸಿ.

ಇನ್ನು ಸ್ಯಾಗ್, ಅಂದರೆ ಭಾರಕ್ಕೆ ಹಿಂಭಾಗ ಎಷ್ಟು ಕುಗ್ಗುತ್ತದೆ ಎಂಬುದು. ಚಕ್ರ ಗಾಳಿಯಲ್ಲಿದ್ದಾಗ ಆಕ್ಸಲಿನಿಂದ ಅದರ ನೇರ ಮೇಲಿನ ಒಂದು ಗುರುತಿಗೆ ಅಳೆಯಿರಿ. ಬೈಕ್ ತನ್ನ ಭಾರಕ್ಕೆ ನಿಂತಾಗ ಮತ್ತೊಮ್ಮೆ. ಹೆಲ್ಮೆಟ್, ಜಾಕೆಟ್ ಸಹಿತ ನೀವು ಕೂತಾಗ ಮೂರನೆಯ ಬಾರಿ. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ 30ರಿಂದ 40 ಮಿಲಿಮೀಟರ್ ಒಳಗಿರುವಂತೆ, ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವುದು 5ರಿಂದ 15 ಮಿಲಿಮೀಟರ್ ಇರುವಂತೆ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟ ಪ್ರಮಾಣವನ್ನು, ಹೊಂದಿಸಬೇಕು. ನೀವು ಕೂತಾಗಿನ ಅಳತೆ ಸರಿಯಿದ್ದೂ ಬೈಕ್ ತಾನೇ ನಿಂತಾಗ ಏನೂ ಕುಗ್ಗದಿದ್ದರೆ ಸ್ಪ್ರಿಂಗ್ ನಿಮ್ಮ ಭಾರಕ್ಕೆ ಮೆತ್ತಗಾಯಿತು. ಪ್ರೀಲೋಡ್ ಎಷ್ಟು ತಿರುಗಿಸಿದರೂ ಅದು ಗಟ್ಟಿಯಾಗುವುದಿಲ್ಲ.

ಮೊದಲ ಓಡಾಟಕ್ಕೆ ಘಾಟಿ ಬೇಡ. ರಾಷ್ಟ್ರೀಯ ಹೆದ್ದಾರಿ 66ರ ಸೇತುವೆಗಳ ಜೋಡಣೆಗಳ ಮೇಲೆ ಒಂದೇ ವೇಗದಲ್ಲಿ ಹಾದುಹೋದರೆ ಡ್ಯಾಂಪಿಂಗ್ ಹೇಗಿದೆ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ: ಜೋಡಣೆ ದಾಟಿದ ಮೇಲೆ ಹಿಂಭಾಗ ಒಮ್ಮೆ ಏರಿ ನಿಲ್ಲಬೇಕು. ಒಂದೆರಡು ನೂರು ಕಿಲೋಮೀಟರ್ ಓಡಿಸಿ, ಎಲ್ಲ ಬೋಲ್ಟುಗಳ ಟಾರ್ಕನ್ನು ಮತ್ತೆ ಪರೀಕ್ಷಿಸಿದ ಮೇಲೆ ಆಗುಂಬೆ, ಚಾರ್ಮಾಡಿಯತ್ತ ಹೊರಡಬಹುದು.

ಈ ಕೆಲಸಕ್ಕೆ ಸೂಕ್ತ ಕಾಲ ಮಳೆ ಹಿಂದೆ ಸರಿದ ಅಕ್ಟೋಬರ್, ನವೆಂಬರ್, ಏಕೆಂದರೆ ಆಟಿಯ (ಜುಲೈ-ಆಗಸ್ಟಿನ ತುಳು ತಿಂಗಳಿನ) ಮಳೆಯಲ್ಲಿ ಒಳಹೊಕ್ಕ ನೀರು ಬೇಸಗೆಯುದ್ದಕ್ಕೂ ಒಳಗೇ ಕೂರಬಾರದು. ಆಗ ತಪ್ಪಿದರೆ ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ, ಮಳೆಗಾಲದ ಮುಂಚೆ ಬರುವ ತುಳುನಾಡಿನ ದಿನಕ್ಕೆ) ಮೊದಲಾದರೂ ಮುಗಿಸಿಕೊಳ್ಳಿ. ಸರ್ವಿಸ್ ಸ್ಟೇಷನ್ನಿನಲ್ಲಿ ತೊಳೆಯಲು ಕೊಡುವಾಗ ಪ್ರೆಷರ್ ನೀರನ್ನು ಲಿಂಕೇಜಿನ ಕಡೆ ಹಿಡಿಯದಂತೆ ಎದುರಿಗೆ ನಿಂತೇ ಹೇಳಬೇಕು. ಆ ರಭಸಕ್ಕೆ ಹೊಸ ಸೀಲೂ ತಡೆಯುವುದಿಲ್ಲ. ಕಡಲತೀರದಲ್ಲಿ ಓಡಾಡಿ ಬಂದ ದಿನ ಅಂಗಳದ ನಲ್ಲಿಯ ಸಿಹಿನೀರನ್ನು ಮೆಲ್ಲಗೆ ಸುರಿದು ಉಪ್ಪು ಇಳಿಸಿದರೆ ಸಾಕು.