ಸತ್ತ ಸೆಲ್‌ಗಳನ್ನು ಸಿಂಕಿಗೆ ಸುರಿಯಬೇಡಿ

ನನ್ನ ಮೊದಲ ಕ್ಯಾಸ್ಪೇಸ್-3 ಬ್ಲಾಟ್ ಖಾಲಿ ಬಂತು. ಎರಡನೆಯದೂ ಖಾಲಿ. ಕ್ಯಾಸ್ಪೇಸ್-3 ಅಂದರೆ ಸೆಲ್ ತನ್ನನ್ನು ತಾನೇ ಕೊಂದುಕೊಳ್ಳುವಾಗ ಕೆಲಸಕ್ಕಿಳಿಯುವ ಪ್ರೋಟೀನ್. ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನಿಗೆ ದಾಟಿಸಿ (ಟ್ರಾನ್ಸ್‌ಫರ್), ಬೇಕಾದ್ದನ್ನು ಆ್ಯಂಟಿಬಾಡಿಯಿಂದ ಗುರುತಿಸುವುದೇ ಬ್ಲಾಟ್. ಹುಣಸೆ ಬೀಜದ ಸಾರ ಹಾಕಿದ ಹೀಲಾ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್) ಸೆಲ್‌ಗಳು ಮೈಕ್ರೋಸ್ಕೋಪಿನಲ್ಲಿ ಗುಂಡಗಾಗಿ, ಮೈಯೆಲ್ಲ ಗುಳ್ಳೆ ಎದ್ದು ಸಾಯುವುದು ಕಣ್ಣಿಗೇ ಕಾಣುತ್ತಿತ್ತು. ಬ್ಲಾಟಿನ ಗುರುತು ಮೂಡಬೇಕಾದ ಫಿಲ್ಮಿನಲ್ಲಿ ಮಾತ್ರ ಏನೂ ಇಲ್ಲ. ಬೆಂಗಳೂರಿನಿಂದ ತುಮಕೂರಿಗೆ ಬರುವ ಎಪ್ಪತ್ತು ಕಿಲೋಮೀಟರಿನಲ್ಲೇ ಐಸ್ ಕರಗಿ ಆ್ಯಂಟಿಬಾಡಿ ಕೆಟ್ಟಿದೆ ಅಂತ ಸುಮ್ನೆ ಅದನ್ನೇ ಬೈದೆ.

ತಪ್ಪು ನನ್ನದೇ. ಸತ್ತ ಸೆಲ್ ತಳ ಬಿಟ್ಟು ತೇಲುತ್ತದೆ. ನಾನು ಹಳೆ ಮೀಡಿಯಾ (ಸೆಲ್ ಬೆಳೆಯುವ ದ್ರವ) ಸುರಿದುಬಿಟ್ಟು, ತಳದಲ್ಲಿ ಅಂಟಿದ ಬದುಕಿದ ಸೆಲ್‌ಗಳನ್ನಷ್ಟೇ ತೆಗೆದಿದ್ದೆ. ಹೆಣ ಸಿಂಕಿಗೆ, ಸಾಕ್ಷಿ ಹುಡುಕುವುದು ಬದುಕಿದವರಲ್ಲಿ! ಆದ್ದರಿಂದ ಮೊದಲು ಮೀಡಿಯಾವನ್ನು ಟ್ಯೂಬಿಗೆ ಹಾಕಿಡಿ. ತಳದ್ದನ್ನು ಟ್ರಿಪ್ಸಿನ್ ಕಿಣ್ವದಿಂದ ಬಿಡಿಸಿ ಅದಕ್ಕೇ ಸೇರಿಸಿ. ಎರಡನ್ನೂ ಒಟ್ಟಿಗೆ ಸೆಂಟ್ರಿಫ್ಯೂಜ್ ಮಾಡಿ. ಸೆಲ್ ಒಡೆಯುವ ಲೈಸಿಸ್ ಬಫರಿಗೆ, ಪ್ರೋಟೀನ್ ಹಾಳಾಗದಂತೆ ತಡೆಯುವ ಪ್ರೋಟಿಯೇಸ್ ಇನ್ಹಿಬಿಟರ್ ಹಾಕಿ, ಐಸ್ ಮೇಲೇ ಇಡಿ.

ಪಕ್ಕದ ಫ್ಲಾಸ್ಕಿಗೆ 1 ಮೈಕ್ರೋಮೋಲಾರ್ ಸ್ಟಾರೋಸ್ಪೋರಿನ್ ಹಾಕಿ 4 ಗಂಟೆ ಬಿಡಿ. ಅದು ಸೆಲ್‌ಗಳನ್ನು ಸಾಯಿಸುವ ಔಷಧ. ಆ ಫ್ಲಾಸ್ಕೇ ಪಾಸಿಟಿವ್ ಕಂಟ್ರೋಲ್, ಅಂದರೆ ಬ್ಯಾಂಡ್ (ಪ್ರೋಟೀನಿನ ಗೆರೆ) ಬರಲೇಬೇಕಾದ ಮಾದರಿ. ಅದರಲ್ಲೂ ಬ್ಯಾಂಡ್ ಬರದಿದ್ದರೆ ಬ್ಲಾಟಿನಲ್ಲೇ ತೊಂದರೆ, ನಿಮ್ಮ ಸಾರವನ್ನು ದೂರಬೇಡಿ.

ಈಗ ಆ್ಯಂಟಿಬಾಡಿ ನೋಡುವುದು ಏನನ್ನು ಅಂತ ತಿಳಿದಿರಬೇಕು. ಸುಮ್ಮನಿರುವ ಕ್ಯಾಸ್ಪೇಸ್-3 ಸುಮಾರು 35 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ). ಸಾಯುವ ಆಜ್ಞೆ ಬಂದಾಗ ಅದು 175ನೇ ಅಮೈನೋ ಆಮ್ಲವಾದ ಆಸ್ಪಾರ್ಟಿಕ್ ಆಮ್ಲದ ಬಳಿ ತುಂಡಾಗುತ್ತದೆ, 17 ಮತ್ತು 12ರ ತುಂಡುಗಳಾಗುತ್ತವೆ. 'ಕ್ಲೀವ್ಡ್' ಅಂತ ಲೇಬಲ್ ಇರುವ ಆ್ಯಂಟಿಬಾಡಿ ಕತ್ತರಿಸಿದ ದೊಡ್ಡ ತುಂಡನ್ನಷ್ಟೇ ಹಿಡಿಯುತ್ತದೆ. 17ರಲ್ಲಿ, ಜೊತೆಗೆ ಕೆಲವು ಸಲ 19ರಲ್ಲೂ ಬ್ಯಾಂಡ್ ಬರುತ್ತದೆ. 35 ಕಾಣಲಿಲ್ಲ ಅಂತ ಗಾಬರಿ ಬೇಡ. ಇಡೀ ಪ್ರೋಟೀನ್ ಬೇಕಿದ್ದರೆ ಟೋಟಲ್ ಕ್ಯಾಸ್ಪೇಸ್-3 ಆ್ಯಂಟಿಬಾಡಿ ಬೇರೆಯೇ ಇದೆ.

ತುಂಡು ಚಿಕ್ಕದು, ಜಾರಿಹೋಗುತ್ತದೆ. ನನ್ನ ಮೂರನೇ ಬ್ಲಾಟ್ ಹೀಗೇ ಹೋಯಿತು: 0.45 ಮೈಕ್ರಾನ್ ಮೆಂಬ್ರೇನ್ ಹಾಕಿ ರಾತ್ರಿಯೆಲ್ಲ ಟ್ರಾನ್ಸ್‌ಫರ್ ಮಾಡಿದ್ದೆ. ಈಗ 15% ಜೆಲ್, 0.2 ಮೈಕ್ರಾನ್ ಪಿವಿಡಿಎಫ್ ಮೆಂಬ್ರೇನ್, 100 ವೋಲ್ಟ್, ಒಂದು ಗಂಟೆ. ಪಿವಿಡಿಎಫ್ ಅನ್ನು ಮೊದಲು ಮೆಥನಾಲ್‌ನಲ್ಲಿ ಅದ್ದುವುದು ಮರೆಯಬೇಡಿ.

ಆ್ಯಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ತಡೆಯುವ ಬ್ಲಾಕಿಂಗಿಗೆ 5% ಹಾಲಿನ ಪುಡಿ, ಒಂದು ಗಂಟೆ. ಆಮೇಲೆ ಆ್ಯಂಟಿಬಾಡಿ 1:1000, 4 ಡಿಗ್ರಿಯಲ್ಲಿ ರಾತ್ರಿಯಿಡೀ. ನಮ್ಮಲ್ಲಿ ರಾತ್ರಿ ಕರೆಂಟು ಹೋಗುವುದು ಮಾಮೂಲಿ. ಅದಕ್ಕೆ ಡಬ್ಬಿಯನ್ನು ಐಸ್ ಪ್ಯಾಕ್ ಇಟ್ಟ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕೂರಿಸಿ, ಪೆಟ್ಟಿಗೆಯನ್ನೇ ಫ್ರಿಡ್ಜಿಗೆ ತಳ್ಳುತ್ತೇನೆ. ಬಳಸಿದ ಆ್ಯಂಟಿಬಾಡಿಗೆ ಕೆಡದಂತೆ ಸೋಡಿಯಂ ಅಜೈಡ್ ಹಾಕಿಟ್ಟು ಮತ್ತೆ ಬಳಸಬಹುದು, ದುಡ್ಡು ಉಳಿಯುತ್ತದೆ. ಸೆಕೆಂಡರಿಗೆ (ಮೊದಲ ಆ್ಯಂಟಿಬಾಡಿಯನ್ನು ಹಿಡಿಯುವ ಎರಡನೇ ಆ್ಯಂಟಿಬಾಡಿಗೆ) ಮಾತ್ರ ಅಜೈಡ್ ಬೀಳಬಾರದು, ಅದಕ್ಕೆ ಅಂಟಿಸಿರುವ, ಬ್ಯಾಂಡ್ ಕಾಣಿಸುವ ಕಿಣ್ವ ಎಚ್‌ಆರ್‌ಪಿ ಕೆಲಸ ನಿಲ್ಲಿಸುತ್ತದೆ.

ಹೋದ ತಿಂಗಳು ಜೂನಿಯರ್ ಒಬ್ಬ ಖಾಲಿ ಫಿಲ್ಮ್ ಹಿಡಿದು ಬಂದ. 'ಅಕ್ಕಾ, ನೀವು ಹೇಳಿದ್ದೆಲ್ಲಾ ಮಾಡಿದ್ದೀನಿ' ಅಂದ. ಮಾಡಿದ್ದ ಕೂಡ. ಯಾವ ಸೆಲ್ ಅಂತ ಕೇಳಿದೆ. ಎಂಸಿಎಫ್-7, ಸ್ತನ ಕ್ಯಾನ್ಸರಿನ ಸೆಲ್! ಅದರ ಜೀನಿನಲ್ಲಿ 47 ಬೇಸ್ ಜೋಡಿ ಬಿಟ್ಟುಹೋಗಿದೆ, ಕ್ಯಾಸ್ಪೇಸ್-3 ಹುಟ್ಟುವುದೇ ಇಲ್ಲ. ಕ್ಯಾತ್ಸಂದ್ರಕ್ಕೆ ಕರ್ಕೊಂಡು ಹೋಗಿ ತಟ್ಟೆ ಇಡ್ಲಿ ಕೊಡಿಸಿದೆ. ಅದೇ ಲೈಸೇಟಿನಲ್ಲಿ (ಒಡೆದ ಸೆಲ್‌ಗಳ ದ್ರವದಲ್ಲಿ) ಪಾರ್ಪ್ ಎಂಬ ಪ್ರೋಟೀನ್ ನೋಡು, 116ರಿಂದ 89ಕ್ಕೆ ಇಳಿದಿದೆಯಾ ಅಂತ, ಕ್ಯಾಸ್ಪೇಸ್-3ರ ಸಂಬಂಧಿ ಕ್ಯಾಸ್ಪೇಸ್-7 ಅದನ್ನು ಕತ್ತರಿಸಬಲ್ಲದು ಅಂದೆ. ಎರಡನೇ ಇಡ್ಲಿ ಬಿಟ್ಟು ಲ್ಯಾಬಿಗೆ ಓಡಿದ.